‘ಬಳಿ ತೊಟಗೋ’ ಎನ್ನುವ ಮೈದಾನ

ಜಮಖಂಡಿ, ಮುಧೋಳದ ಕಡೆ ಕಬಡ್ಡಿ ನೋಡಲು ನಿಂತವರಿಗೆ ಈ ಮಾತು ಹೊಸದಲ್ಲ: ‘ಬಳಿ ತೊಟಗೊಂಡು ಮನ್ಯಾಗ ಕೂಡ್ರು.’ ರೇಡಿಗೆ ಹೋದವನು ಬರಿಗೈಯಲ್ಲಿ ಬಂದರೂ ಇದೇ, ಕುಸ್ತಿಯಲ್ಲಿ ಚಿತ್ ಆದರೂ ಇದೇ. ಅಂದವರು ಸಂಜೆಯೊಳಗೆ ಮರೆಯುತ್ತಾರೆ. ಆದರೆ ಅದೇ ತಂಡದಲ್ಲಿ ಗಂಡಸರ ಮೇಲೆ ಒಲವಿರುವ ಹುಡುಗನೊಬ್ಬನಿದ್ದರೆ, ತನ್ನ ವಿಷಯ ಗೊತ್ತಾದ ದಿನ ಈ ಮಂದಿ ಏನಂದಾರು ಎಂದು ಅವನು ಬೇರೆ ಊಹಿಸಬೇಕಾಗಿಲ್ಲ. ಅವನು ಬಾಯಿ ಬಿಡುವುದಿಲ್ಲ. ಈ ಮೌನ ಎಲ್ಲಿಂದ ಬಂತು?

ಈ ಸೀಮೆಯಲ್ಲಿ ಗಂಡುಮಕ್ಕಳ ಆಟದ ತಾಯಿಬೇರು ಗರಡಿಮನೆ. ಹನುಮಪ್ಪನ ಪಟ, ಕೆಮ್ಮಣ್ಣು, ಲಂಗೋಟಿ, ಮೇಲೆ ಬ್ರಹ್ಮಚರ್ಯದ ಕಟ್ಟುಪಾಡು. ಪೈಲ್ವಾನರ ಕಣ್ಣು ಯಾವಾಗಲೂ ಕೊಲ್ಹಾಪುರದತ್ತ. ಶಾಹು ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನ ಇರುವುದು ಅಲ್ಲೇ. ಗರಡಿಯಲ್ಲಿ ಒಬ್ಬರ ಮೈಗೆ ಒಬ್ಬರು ಎಣ್ಣೆ ತಿಕ್ಕುತ್ತಾರೆ, ಒಂದೇ ತಾಟಿನಲ್ಲಿ ಉಣ್ಣುತ್ತಾರೆ, ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಇಷ್ಟೊಂದು ಸಲಿಗೆಗೆ ಒಪ್ಪಿಗೆ ಸಿಕ್ಕಿರುವುದೇ ಅಲ್ಲಿ ಕಾಮಕ್ಕೆ ಜಾಗವಿಲ್ಲ ಎಂಬ ನಂಬಿಕೆಯ ಮೇಲೆ. ಹುಡುಗಿಯ ಹಿಂದೆ ಬಿದ್ದವನನ್ನು ಉಸ್ತಾದ ಬೈದು ದಾರಿಗೆ ತಂದಾನು. ಜೊತೆಗಾರನ ಮೇಲೆಯೇ ಮನಸ್ಸಾದವನನ್ನು ಏನು ಮಾಡಬೇಕೆಂದು ಆ ಕಟ್ಟುಪಾಡಿಗೆ ತಿಳಿಯದು.

ಹಾಗಂತ ಬೇರೆ ಬಗೆಯ ಬದುಕನ್ನು ಈ ನಾಡು ಕಂಡೇ ಇಲ್ಲವೇ? ಗಂಡಾಗಿ ಹುಟ್ಟಿ ಸವದತ್ತಿ ಎಲ್ಲಮ್ಮನಿಗೆ ಮುಡಿಪಾದ ಜೋಗಪ್ಪಂದಿರು ಸೀರೆಯುಟ್ಟು ಕೊಡ ಹೊತ್ತು ಬಂದರೆ ಹೆಂಗಸರು ಕೈಮುಗಿದು ಮರದ ತುಂಬ ಜೋಳ ನೀಡುತ್ತಾರೆ. ದೇವಿಯ ಹೆಸರಿನಲ್ಲಿ ಅವರಿಗೊಂದು ಜಾಗ ಸಿಕ್ಕಿದೆ (ಅದರ ಜೊತೆಗಿರುವ ಕಷ್ಟ ಬೇರೆಯೇ ಕಥೆ). ಮೀಸೆ ಬಿಟ್ಟು, ವಿಶ್ವವಿದ್ಯಾಲಯದ ತಂಡಕ್ಕೆ ಆಡಿ ‘ಯೂನಿವರ್ಸಿಟಿ ಬ್ಲೂ’ ಆಗಿ, ಗಂಡಸನ್ನೇ ಪ್ರೀತಿಸುವವನಿಗೆ ಆ ಜಾಗವೂ ಇಲ್ಲ.

ಅದರ ಮೇಲೆ ಕಾನೂನಿನ ಹೆದರಿಕೆ. ಗಂಡು ಗಂಡು ಕೂಡುವುದನ್ನು ಅಪರಾಧವೆನ್ನುತ್ತಿದ್ದ, 1860ರ ಭಾರತೀಯ ದಂಡ ಸಂಹಿತೆಯ 377ನೇ ಕಲಮು ಒಂದೂವರೆ ಶತಮಾನ ತಲೆಯ ಮೇಲೆ ತೂಗಾಡಿತು. 2009ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಸಡಿಲಿಸಿತು, 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಗಿಯಿತು. ಆಮೇಲೆ ದಾರಿ ತೆರೆದದ್ದರಲ್ಲಿ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ ದಾವೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಯಾರ ಮೇಲೆ ಒಲವು ಎಂಬುದೂ ಅದರೊಳಗೆ ಬಂತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರಿಬ್ಬರು ಒಪ್ಪಿ ಕೂಡುವುದು ಅಪರಾಧವಲ್ಲ ಎಂಬ ತೀರ್ಪು ಬಂತು.

ತೀರ್ಪು ಬಂದರೂ ಬಾಯಿ ಬಿಡಿಸಲಿಲ್ಲ. ಕಾರಣ ಹೊಟ್ಟೆಪಾಡು ಎಂಬುದು ನನ್ನ ಎಣಿಕೆ. ಬೀಳಗಿಯ ರೈತನ ಮಗನಿಗೆ, ಬನಹಟ್ಟಿಯ ನೇಕಾರರ ಮಗನಿಗೆ ಆಟವೆಂದರೆ ಕ್ರೀಡಾ ಕೋಟಾದ ಸೀಟು, ಮುಂದೆ ಪೊಲೀಸೋ ರೈಲ್ವೆಯೋ ನೌಕರಿ. ಆಯ್ಕೆ ಪಟ್ಟಿಯಿಂದ ಹೆಸರು ಬಿಟ್ಟುಹೋದರೆ ಕಾರಣ ಕೇಳುವವರಿಲ್ಲ. ಪಂದ್ಯಕ್ಕೆ ಪರಊರಿಗೆ ಹೋದಾಗ ಒಂದೇ ಹಾಲಿನಲ್ಲಿ ಹಾಸಿಗೆ ಹಾಸಿಕೊಳ್ಳುವ ಜೊತೆಗಾರರು ‘ಇಂವನ ಬಾಜೂಕ ಒಲ್ಲೆ’ ಅಂದರೆ ಮುಗಿಯಿತು.

ನೇಕಾರರ ಮನೆಯಿಂದಲೇ ಬಂದು ಬಾಯಿ ಬಿಟ್ಟವಳು ಒಬ್ಬಳು ಹೆಣ್ಣುಮಗಳು. ಒಡಿಶಾದ ಚಾಕಾ ಗೋಪಾಲಪುರದ ಓಟಗಾರ್ತಿ ದ್ಯುತಿ ಚಾಂದ್, ತನಗೊಬ್ಬ ಗೆಳತಿಯಿದ್ದಾಳೆಂದು 2019ರ ಮೇ ತಿಂಗಳಲ್ಲಿ ಹೇಳಿದಳು. ಮನೆಯವರೇ ತಿರುಗಿಬಿದ್ದರು. ಜುಲೈನಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ನಡೆದ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಭುವನೇಶ್ವರದ ಈ ವಿದ್ಯಾರ್ಥಿನಿ 100 ಮೀಟರನ್ನು 11.32 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದಳು. ಅಷ್ಟು ಹೆಸರು ಮಾಡಿದ ಗಂಡು ಆಟಗಾರರಲ್ಲಿ ಅಂಥ ಮಾತು ನಮ್ಮ ದೇಶದಲ್ಲಿ ಕೇಳಿಬಂದಿಲ್ಲವೆಂದೇ ಹೇಳಬೇಕು.

ಗಂಡಸೊಬ್ಬ ಹೇಳಿದರೆ ಏನಾದೀತು ಎಂಬುದಕ್ಕೆ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಮೈಕಲ್ ಸ್ಯಾಮ್ ಇದ್ದಾನೆ. ಅಮೆರಿಕನ್ ಫುಟ್‌ಬಾಲ್ ಆಟಗಾರ. 2013ರ ಆಗಸ್ಟಿನಲ್ಲಿ ತನ್ನ ತಂಡಕ್ಕೆ ಮಾತ್ರ ವಿಷಯ ತಿಳಿಸಿದ. ಇಡೀ ಹಂಗಾಮು ಜೊತೆಗಾರರು ಗುಟ್ಟು ಬಿಡಲಿಲ್ಲ. ತಂಡ ಆ ವರ್ಷ 14 ಪಂದ್ಯಗಳಲ್ಲಿ 12 ಗೆದ್ದಿತು. 2014ರ ಫೆಬ್ರುವರಿಯಲ್ಲಿ ಅವನು ಲೋಕಕ್ಕೆಲ್ಲ ಹೇಳಿದ. ವೃತ್ತಿಪರ ಲೀಗಿನ ತಂಡಗಳ ಆಯ್ಕೆಯಲ್ಲಿ ಸಿಕ್ಕಿದ್ದು 249ನೇ ಸ್ಥಾನ. ಆ ಲೀಗಿನ ಒಂದೂ ಮುಖ್ಯ ಪಂದ್ಯ ಆಡಲಿಲ್ಲ. ಕಾಲೇಜಿನ ಗೆಳೆಯರು ಕೈಹಿಡಿದಷ್ಟು ಹೊರಗಿನ ಲೋಕ ಹಿಡಿಯಲಿಲ್ಲ. ಅವನ ಕಥೆಯಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ಆ ಗೆಳೆಯರೇ. ಅಂಥವರು ಮುಧೋಳದ ಕಬಡ್ಡಿ ತಂಡದಲ್ಲೂ ಇರಲಾರರು ಎನ್ನಲು ನನಗೆ ಕಾರಣ ಕಾಣದು.

ನಮ್ಮಲ್ಲಿ ನಿಯಮವೇನೋ ಬಂದು ಕೂತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2016ರ ಜೂನ್‌ನಲ್ಲಿ ರ್‍ಯಾಗಿಂಗ್ ತಡೆ ನಿಯಮಾವಳಿಗೆ ತಿದ್ದುಪಡಿ ತಂದು, ಲೈಂಗಿಕ ಒಲವಿನ ಕಾರಣಕ್ಕೆ ವಿದ್ಯಾರ್ಥಿಯನ್ನು ಹಿಂಸಿಸುವುದು, ಹಂಗಿಸುವುದು, ಹೊರಗಿಡುವುದು ಎಲ್ಲವೂ ರ್‍ಯಾಗಿಂಗ್ ಎಂದಿತು. ಅದು ತರಗತಿಗೆ ಹೇಗೋ ಮೈದಾನಕ್ಕೂ ಹಾಗೇ. ಮೊದಲು ಧಾರವಾಡಕ್ಕೆ, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಇಲ್ಲಿಯ ಕಾಲೇಜುಗಳಿಗೆ ಈಗ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯವಿದೆ. ಈ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಈ ಸಲದ ತಂಡದ ಆಯ್ಕೆಯ ದಿನ, ಆಧಾರ್ ಪ್ರತಿ, ಅಂಕಪಟ್ಟಿ ಕೇಳುವ ಮೊದಲು, ಆ ನಿಯಮವನ್ನು ಹುಡುಗರೆದುರು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ. ರ್‍ಯಾಗಿಂಗ್ ಸಹಾಯವಾಣಿ 1800-180-5522 ಅನ್ನು ಕ್ರೀಡಾ ಕೊಠಡಿಯ ಗೋಡೆಯ ಮೇಲೆ ಬರೆಸಲಿ. ಆ ಸಂಖ್ಯೆ ದಿನದ 24 ಗಂಟೆಯೂ ಕೆಲಸ ಮಾಡುತ್ತದೆ, ಕರೆಗೆ ದುಡ್ಡಿಲ್ಲ.