ಮಾದರಿ ವಿಮಾನದ ನಕ್ಷೆಯನ್ನು ಹಿಗ್ಗಿಸುವುದು, ಕುಗ್ಗಿಸುವುದು

ಮಾದರಿ ವಿಮಾನಗಳನ್ನು ಮನೆಯಲ್ಲಿಯೇ ಕಟ್ಟುವ ಹವ್ಯಾಸವುಳ್ಳ ತರುಣರಲ್ಲಿ ಒಂದು ಆಸೆ ಆಗಾಗ ಹುಟ್ಟುವುದುಂಟು. ಕೈಗೆ ಸಿಕ್ಕಿರುವುದು ೯೦ ಸೆಂಟಿಮೀಟರು ಹರವಿನ ವಿಮಾನದ ನಕ್ಷೆ. ಆ ವಿಮಾನವು ಚೆನ್ನಾಗಿ ಹಾರುತ್ತದೆಂಬುದೂ ಗೊತ್ತು. ಅದನ್ನೇ ಇಮ್ಮಡಿಯಾಗಿ ಕಟ್ಟಿದರೆ ಇನ್ನಷ್ಟು ಭವ್ಯವಾಗಿರಲಾರದೆ? ಅಥವಾ ಶಾಲೆಯ ಅಂಗಳದಲ್ಲಿ ಹಾರಿಸುವಷ್ಟು ಪುಟ್ಟದಾಗಿ ಅರ್ಧಕ್ಕೆ ಇಳಿಸಿದರೆ ಹೇಗೆ? ನಕ್ಷೆಯ ರೇಖೆಗಳನ್ನು ಹಿಗ್ಗಿಸುವುದು ಇಂದು ಬಲು ಸುಲಭ. ಗಣಕಯಂತ್ರವೋ ನಕಲು ತೆಗೆಯುವ ಯಂತ್ರವೋ ಕ್ಷಣಾರ್ಧದಲ್ಲಿ ಆ ಕೆಲಸವನ್ನು ಮಾಡಿಕೊಡುತ್ತದೆ. ಆದರೆ ಹಾಗೆ ಹಿಗ್ಗಿಸಿದ ನಕ್ಷೆಯನ್ನು ಅಕ್ಷರಶಃ ಅನುಸರಿಸಿ ಕಟ್ಟಿದ ವಿಮಾನವು ಮೂಲ ವಿಮಾನದಂತೆ ಹಾರುವುದಿಲ್ಲ. ಹಲವು ವಾರಗಳ ದುಡಿಮೆ ಮೊದಲ ಹಾರಾಟದಲ್ಲಿಯೇ ನುಚ್ಚುನೂರಾಗುವುದೂ ಉಂಟು. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ರೈಟ್ ಸೋದರರ ಆಟಿಕೆ

ಈ ತೊಡಕನ್ನು ಎದುರಿಸಿದವರಲ್ಲಿ ಜಗತ್ಪ್ರಸಿದ್ಧರೇ ಇದ್ದಾರೆ. ೧೮೭೮ರಲ್ಲಿ ಅಮೆರಿಕದ ಅಯೋವಾ ಪ್ರಾಂತದಲ್ಲಿ ವಾಸವಾಗಿದ್ದ ಮಿಲ್ಟನ್ ರೈಟ್ ಎಂಬ ಕ್ರೈಸ್ತ ಧರ್ಮಗುರುಗಳು ತಮ್ಮ ಮಕ್ಕಳಿಗೆ ಒಂದು ಹಾರುವ ಆಟಿಕೆಯನ್ನು ತಂದುಕೊಟ್ಟರು. ಬಿದಿರು, ಕಾರ್ಕ್ ಮತ್ತು ಕಾಗದದಿಂದ ಮಾಡಿದ ಆ ಪುಟ್ಟ ಹೆಲಿಕಾಪ್ಟರು, ತಿರುಚಿದ ರಬ್ಬರಿನ ಶಕ್ತಿಯಿಂದ ಮೇಲಕ್ಕೇರುತ್ತಿತ್ತು. ಫ್ರಾನ್ಸಿನ ಆಲ್ಫೋನ್ಸ್ ಪೆನೋ ರೂಪಿಸಿದ ಬಗೆಯ ಆಟಿಕೆ ಅದು. ಆಗ ವಿಲ್ಬರನಿಗೆ ೧೧ ವರ್ಷ, ಆರ್ವಿಲ್ಲನಿಗೆ ೭ ವರ್ಷ. ಕೆಲವು ವರ್ಷಗಳ ಮೇಲೆ ಸೋದರರು ತಾವೇ ಅಂಥ ಆಟಿಕೆಗಳನ್ನು ಮಾಡತೊಡಗಿದರು. ಒಂದಕ್ಕಿಂತ ಮುಂದಿನದನ್ನು ದೊಡ್ಡದಾಗಿ ಮಾಡುತ್ತ ಹೋದರು. ಆಶ್ಚರ್ಯವೆಂದರೆ, ಆಟಿಕೆ ದೊಡ್ಡದಾದಷ್ಟೂ ಅದರ ಹಾರಾಟ ಕುಂದುತ್ತ ಬಂತು. ಕೊನೆಗೆ ನಿರಾಶರಾಗಿ ಅವರು ಆ ಪ್ರಯತ್ನವನ್ನು ಕೈಬಿಟ್ಟರು. ವಿಮಾನವನ್ನು ನಿರ್ಮಿಸಿ ಕೀರ್ತಿ ಗಳಿಸಿದ ಮೇಲೆ, ೧೯೦೮ರಲ್ಲಿ ಬರೆದ ಒಂದು ಲೇಖನದಲ್ಲಿ ಅವರು ಇದರ ಕಾರಣವನ್ನು ತಿಳಿಸಿದ್ದಾರೆ: ಉದ್ದಳತೆಯಲ್ಲಿ ಎರಡು ಪಟ್ಟಾದ ಯಂತ್ರಕ್ಕೆ ಎಂಟು ಪಟ್ಟು ಶಕ್ತಿ ಬೇಕೆಂಬುದು ಬಾಲ್ಯದಲ್ಲಿ ಅವರಿಗೆ ತಿಳಿದಿರಲಿಲ್ಲ.

ಎರಡು ಪಟ್ಟಿನೊಳಗಿಂದ ಈ ಎಂಟು ಪಟ್ಟು ಎಲ್ಲಿಂದ ಬಂತು?

ವರ್ಗ ಮತ್ತು ಘನ

ಒಂದು ಅಂಗುಲ ಉದ್ದ, ಅಗಲ, ಎತ್ತರವುಳ್ಳ ಬೆಲ್ಲದ ತುಂಡುಗಳು ನಮ್ಮಲ್ಲಿವೆ ಎಂದಿಟ್ಟುಕೊಳ್ಳೋಣ. ಅವುಗಳನ್ನು ಜೋಡಿಸಿ ಎರಡಂಗುಲದ ಘನವನ್ನು ಮಾಡಬೇಕಾದರೆ ಎಂಟು ತುಂಡುಗಳು ಬೇಕಾಗುತ್ತವೆ. ಆದರೆ ಆ ದೊಡ್ಡ ಘನದ ಒಂದು ಮುಖವನ್ನು ನೋಡಿದರೆ ಅಲ್ಲಿ ಕಾಣುವುದು ನಾಲ್ಕೇ ಚೌಕಗಳು. ಎಂದರೆ ಉದ್ದವು ೨ ಪಟ್ಟಾದಾಗ ವಿಸ್ತೀರ್ಣವು ೪ ಪಟ್ಟು, ಘನಫಲವೂ ತೂಕವೂ ೮ ಪಟ್ಟು ಆಗುತ್ತವೆ. ವಿಸ್ತೀರ್ಣವು ಉದ್ದದ ವರ್ಗವನ್ನೂ, ತೂಕವು ಉದ್ದದ ಘನವನ್ನೂ ಹಿಂಬಾಲಿಸುತ್ತದೆ.

ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆಯ ವಿಸ್ತೀರ್ಣ. ಕೆಳಕ್ಕೆ ಎಳೆಯುವುದು ಅದರ ತೂಕ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ನಮ್ಮ ಮೂಲ ನಕ್ಷೆಯಲ್ಲಿ ರೆಕ್ಕೆಯ ಹರವು ೯೦ ಸೆಂ.ಮೀ., ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಅಗಲ ೧೫ ಸೆಂ.ಮೀ., ತೂಕ ೨೭೦ ಗ್ರಾಂ ಎಂದಿರಲಿ. ವಿಸ್ತೀರ್ಣವು ೧೩೫೦ ಚದರ ಸೆಂ.ಮೀ. ಆದುದರಿಂದ, ರೆಕ್ಕೆಯ ಪ್ರತಿ ನೂರು ಚದರ ಸೆಂಟಿಮೀಟರು ೨೦ ಗ್ರಾಂ ಹೊರೆಯನ್ನು ಹೊರುತ್ತದೆ. ಇದನ್ನು ರೆಕ್ಕೆಯ ಹೊರೆ ಎಂದು ಕರೆಯೋಣ. ಈಗ ಎಲ್ಲ ಅಳತೆಗಳನ್ನೂ, ಮರದ ದಪ್ಪವನ್ನೂ ಸಹ, ಇಮ್ಮಡಿ ಮಾಡೋಣ. ವಿಸ್ತೀರ್ಣವು ೫೪೦೦ ಚದರ ಸೆಂ.ಮೀ., ತೂಕವು ೨೧೬೦ ಗ್ರಾಂ. ರೆಕ್ಕೆಯ ಹೊರೆ ೪೦ ಗ್ರಾಂ.

ಗಾಳಿಯು ಕೊಡುವ ಎತ್ತುವ ಬಲವು ರೆಕ್ಕೆಯ ವಿಸ್ತೀರ್ಣವನ್ನಲ್ಲದೆ ವೇಗದ ವರ್ಗವನ್ನೂ ಅವಲಂಬಿಸಿದೆ. ಹೊರೆಯು ಇಮ್ಮಡಿಯಾದರೆ ವೇಗವು ೨ರ ವರ್ಗಮೂಲದಷ್ಟು, ಎಂದರೆ ೧.೪೧ ಪಟ್ಟು, ಹೆಚ್ಚಬೇಕು. ಮೂಲ ವಿಮಾನವು ಸೆಕೆಂಡಿಗೆ ೭ ಮೀಟರು ವೇಗದಲ್ಲಿ ಹಾರುತ್ತಿದ್ದರೆ ಇಮ್ಮಡಿ ವಿಮಾನವು ೧೦ ಮೀಟರು ವೇಗದಲ್ಲಿ ಹಾರಿದರೆ ಮಾತ್ರ ಗಾಳಿಯಲ್ಲಿ ನಿಲ್ಲಬಲ್ಲದು. ಅದು ನೆಲಕ್ಕೋ ಗೋಡೆಗೋ ಬಡಿದಾಗ, ತೂಕ ೮ ಪಟ್ಟು, ವೇಗದ ವರ್ಗ ೨ ಪಟ್ಟು, ಒಟ್ಟು ೧೬ ಪಟ್ಟು ಚಲನಶಕ್ತಿಯಿಂದ ಬಡಿಯುತ್ತದೆ. ಚಿಕ್ಕ ಮಾದರಿಯು ಮೈಗೆ ತಗುಲಿದರೆ ತರಚು ಗಾಯವಾದೀತು. ದೊಡ್ಡದು ತಗುಲಿದರೆ ಅಪಾಯವೇ ಸರಿ. ಜನಸಂಚಾರವಿಲ್ಲದ ಬಯಲಿನಲ್ಲಿಯೇ ಅದನ್ನು ಹಾರಿಸಬೇಕೆಂಬ ನಿಯಮಕ್ಕೆ ಈ ಲೆಕ್ಕವೇ ಆಧಾರ.

ಹಾರಾಟಕ್ಕೆ ಬೇಕಾಗುವ ಶಕ್ತಿಯ ಪ್ರಮಾಣವು ತೂಕ ಮತ್ತು ವೇಗಗಳ ಗುಣಲಬ್ಧವನ್ನು ಅನುಸರಿಸುತ್ತದೆ. ೮ನ್ನು ೧.೪೧ರಿಂದ ಗುಣಿಸಿದರೆ ೧೧ಕ್ಕೂ ಸ್ವಲ್ಪ ಹೆಚ್ಚು. ರೈಟ್ ಸೋದರರು ಹೇಳಿದ ಎಂಟು ಪಟ್ಟೂ ಸಾಲದಾಯಿತು! ಅವರ ಆಟಿಕೆಯ ರಬ್ಬರಿನ ಪಾಡನ್ನೂ ನೋಡೋಣ. ತೂಕವು ೮ ಪಟ್ಟಾದುದರಿಂದ ಎತ್ತುವ ಬಲವೂ ೮ ಪಟ್ಟು ಬೇಕು. ತಿರುಗುವ ಅಲಗಿನ ಉದ್ದವು ೨ ಪಟ್ಟಾದುದರಿಂದ ಅದನ್ನು ತಿರುಗಿಸುವ ತಿರುಚು ಬಲವು ೧೬ ಪಟ್ಟು ಬೇಕು. ಆದರೆ ದಪ್ಪವನ್ನು ಇಮ್ಮಡಿ ಮಾಡಿದ ರಬ್ಬರು ಕೊಡುವುದು ೮ ಪಟ್ಟು ತಿರುಚು ಬಲವನ್ನು ಮಾತ್ರ. ಅಗತ್ಯದ ಅರ್ಧದಷ್ಟೇ ಬಲವುಳ್ಳ ಆಟಿಕೆಯು ಮೇಲೇರದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಮುರಿಯುವ ಭಯ

ತೂಕದ ಜೊತೆಗೆ ಬಲದ ಪ್ರಶ್ನೆಯೂ ಇದೆ. ಇದನ್ನು ಸ್ಪಷ್ಟವಾಗಿ ವಿವರಿಸಿದವನು ಇಟಲಿಯ ಗೆಲಿಲಿಯೋ. ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು, ಪ್ರಾಣಿಯ ಗಾತ್ರ ಹೆಚ್ಚಿದಂತೆ ಅದರ ಎಲುಬುಗಳು ಅದೇ ಪ್ರಮಾಣದಲ್ಲಿ ದಪ್ಪವಾದರೆ ಸಾಲದು, ಇನ್ನೂ ಹೆಚ್ಚು ದಪ್ಪವಾಗಬೇಕು ಎಂದು ತೋರಿಸಿದನು. ಆನೆಯ ಕಾಲು ಜಿಂಕೆಯ ಕಾಲಿನ ಹಿಗ್ಗಿಸಿದ ರೂಪವಾಗಿಲ್ಲದಿರುವುದು ಈ ಕಾರಣದಿಂದಲೇ.

ರೆಕ್ಕೆಯ ಉದ್ದಕ್ಕೂ ಹಾಯ್ದುಹೋಗುವ ತೊಲೆಗೂ ಇದೇ ನಿಯಮ ಅನ್ವಯಿಸುತ್ತದೆ. ಇಮ್ಮಡಿ ವಿಮಾನದಲ್ಲಿ ಭಾರ ೮ ಪಟ್ಟು, ಅದು ಎಳೆಯುವ ದೂರ ೨ ಪಟ್ಟು. ಆದುದರಿಂದ ಬಗ್ಗಿಸುವ ಪ್ರಭಾವ ೧೬ ಪಟ್ಟು. ತೊಲೆಯ ಅಗಲವನ್ನೂ ಎತ್ತರವನ್ನೂ ಇಮ್ಮಡಿ ಮಾಡಿದಾಗ ಅದರ ತಾಳಿಕೆ ೮ ಪಟ್ಟು ಮಾತ್ರ ಹೆಚ್ಚುತ್ತದೆ. ಆದ್ದರಿಂದ ಮರದ ಪ್ರತಿಯೊಂದು ಎಳೆಯ ಮೇಲೂ ಎರಡರಷ್ಟು ಒತ್ತಡ ಬೀಳುತ್ತದೆ. ನಿಧಾನವಾಗಿ ಹಾರುವಾಗ ಇದನ್ನು ತಾಳಿಕೊಂಡರೂ, ರಭಸದಿಂದ ತಿರುಗುವಾಗ ರೆಕ್ಕೆಯು ಬುಡದಲ್ಲಿ ಮುರಿಯಬಹುದು.

ಹಿಗ್ಗಿಸುವಾಗ ಮಾಡಬೇಕಾದುದು

ಹಾಗಾದರೆ ದೊಡ್ಡ ಮಾದರಿಯ ಆಸೆಯನ್ನೇ ಬಿಡಬೇಕೆ? ಬಿಡಬೇಕಾಗಿಲ್ಲ. ಹೊರ ಆಕಾರವನ್ನು ಹಿಗ್ಗಿಸಿ, ಒಳಗಿನ ಕಟ್ಟಡವನ್ನು ಹೊಸದಾಗಿ ಯೋಚಿಸಬೇಕು. ಕಟ್ಟುವ ಮೊದಲೇ ತೂಕದ ಗುರಿಯೊಂದನ್ನು ಗೊತ್ತುಮಾಡಿಕೊಳ್ಳುವುದು ಮೊದಲ ಹೆಜ್ಜೆ. ನಮ್ಮ ಉದಾಹರಣೆಯಲ್ಲಿ ರೆಕ್ಕೆಯ ಹೊರೆಯು ೨೦ ಗ್ರಾಮಿನಲ್ಲಿಯೇ ನಿಲ್ಲಬೇಕಾದರೆ ತೂಕವು ೧೦೮೦ ಗ್ರಾಂ ಮೀರಬಾರದು; ಕುರುಡಾಗಿ ಹಿಗ್ಗಿಸಿದರೆ ಅದು ೨೧೬೦ ಗ್ರಾಂ ಮುಟ್ಟುತ್ತದೆ. ಈ ಎರಡರ ನಡುವೆ, ೧೫೦೦ ಗ್ರಾಮಿನ ಸುಮಾರಿಗೆ ಗುರಿಯಿಟ್ಟರೆ ವೇಗವು ಸೆಕೆಂಡಿಗೆ ಎಂಟೂಕಾಲು ಮೀಟರಿನಷ್ಟಾಗುವುದು; ಬೇಕಾಗುವ ಶಕ್ತಿಯೂ ೧೧ ಪಟ್ಟಿನಿಂದ ಆರೂವರೆ ಪಟ್ಟಿಗೆ ಇಳಿಯುವುದು.

ತೂಕವನ್ನು ಉಳಿಸುವ ಮಾರ್ಗಗಳು ಹಲವಿವೆ. ಬಾಗುವ ತೊಲೆಯಲ್ಲಿ ಹೆಚ್ಚಿನ ಒತ್ತಡವು ಮೇಲ್ಭಾಗ ಮತ್ತು ಕೆಳಭಾಗಗಳಲ್ಲಿರುತ್ತದೆ. ನಡುಭಾಗದಲ್ಲಿ ಬಲು ಕಡಮೆ. ಆದುದರಿಂದ ಗಟ್ಟಿ ತೊಲೆಗೆ ಬದಲಾಗಿ ಮೇಲೊಂದು ಕೆಳಗೊಂದು ಪಟ್ಟಿಯಿಟ್ಟು, ನಡುವೆ ತೆಳುವಾದ ಬಾಲ್ಸಾ ಹಲಗೆಯನ್ನು ಅಂಟಿಸಿದರೆ ಕಡಮೆ ತೂಕದಲ್ಲಿ ಹೆಚ್ಚು ಬಲ ದೊರೆಯುತ್ತದೆ. ರೆಕ್ಕೆಯ ಪಕ್ಕೆಲುಬುಗಳು ಮೂಲದಲ್ಲಿ ಒಂದೂವರೆ ಮಿಲಿಮೀಟರು ದಪ್ಪವಿದ್ದರೆ, ಅವುಗಳನ್ನು ಮೂರಕ್ಕೆ ಏರಿಸದೆ ಎರಡು ಮಿಲಿಮೀಟರಿನಲ್ಲಿ ನಿಲ್ಲಿಸಿ, ನಡುವೆ ರಂಧ್ರಗಳನ್ನು ಕೊರೆಯಬಹುದು. ಆದರೆ ಪಕ್ಕೆಲುಬುಗಳ ನಡುವಣ ಅಂತರವನ್ನು ೫ ಸೆಂಟಿಮೀಟರಿನಿಂದ ೧೦ಕ್ಕೆ ಏರಿಸುವುದು ತರವಲ್ಲ. ಹೊದಿಕೆಯು ಅವುಗಳ ನಡುವೆ ಜೋಲುಬಿದ್ದು ರೆಕ್ಕೆಯ ಆಕಾರವೇ ಕೆಡುತ್ತದೆ. ತುಂಡುಗಳನ್ನು ದಪ್ಪ ಮಾಡುವುದಕ್ಕಿಂತ ತೆಳು ತುಂಡುಗಳ ಸಂಖ್ಯೆಯನ್ನು ಹೆಚ್ಚಿಸುವುದೇ ಇಲ್ಲಿಯ ಸೂತ್ರ.

ಕುಗ್ಗಿಸುವಾಗ ಎದುರಾಗುವ ತೊಡಕು

ಕುಗ್ಗಿಸುವುದು ಸುಲಭವೆಂದು ಮೊದಲ ನೋಟಕ್ಕೆ ತೋರುತ್ತದೆ. ೪೫ ಸೆಂಟಿಮೀಟರಿಗೆ ಇಳಿಸಿದ ವಿಮಾನದ ತೂಕ ಎಂಟನೆಯ ಒಂದು ಭಾಗ, ಎಂದರೆ ೩೪ ಗ್ರಾಂ. ರೆಕ್ಕೆಯ ಹೊರೆ ೧೦ ಗ್ರಾಂ. ವೇಗ ಸೆಕೆಂಡಿಗೆ ೫ ಮೀಟರು. ಆದರೆ ಹೊದಿಕೆಯ ಕಾಗದವನ್ನು ಅರ್ಧ ದಪ್ಪಕ್ಕೆ ಸೀಳಲು ಬರುವುದಿಲ್ಲ. ಅಂಟು, ತಂತಿ, ಮೋಟಾರು, ಬ್ಯಾಟರಿಗಳೂ ನಮ್ಮ ನಕ್ಷೆಯೊಡನೆ ಕುಗ್ಗುವುದಿಲ್ಲ. ಹೀಗಾಗಿ ತೂಕವು ೩೪ ಗ್ರಾಮನ್ನು ಮೀರುವುದು ಖಂಡಿತ. ಅದು ೬೭ ಗ್ರಾಮಿಗೆ ಏರಿದರೆ ರೆಕ್ಕೆಯ ಹೊರೆಯು ಮತ್ತೆ ೨೦ಕ್ಕೆ ಬಂದು, ಕುಗ್ಗಿಸಿದ ಲಾಭವೆಲ್ಲ ಕಳೆದುಹೋಗುತ್ತದೆ. ಅದೃಷ್ಟವಶಾತ್ ಗೆಲಿಲಿಯೋನ ನಿಯಮವು ಇಲ್ಲಿ ನಮಗೆ ನೆರವಾಗುತ್ತದೆ. ಚಿಕ್ಕ ವಿಮಾನದ ಮರದ ಮೇಲೆ ಬೀಳುವ ಒತ್ತಡವು ಅರ್ಧವಾದುದರಿಂದ, ಪಕ್ಕೆಲುಬುಗಳಲ್ಲಿ ಒಂದು ಬಿಟ್ಟು ಒಂದನ್ನು ತೆಗೆದುಹಾಕಬಹುದು; ಆಧಾರದ ತುಂಡುಗಳನ್ನೂ ಕಡಮೆ ಮಾಡಬಹುದು.

ಇನ್ನೊಂದು ತೊಡಕು ಗಾಳಿಯದು. ಗಾಳಿಗೂ ಸ್ವಲ್ಪ ಜಿಗುಟುತನವಿದೆ. ದೊಡ್ಡ ರೆಕ್ಕೆಯು ವೇಗವಾಗಿ ಸಾಗುವಾಗ ಅದರ ಪ್ರಭಾವ ಅಲ್ಪ. ಚಿಕ್ಕ ರೆಕ್ಕೆಯು ಮೆಲ್ಲಗೆ ಸಾಗುವಾಗ ಅದು ಪ್ರಬಲವಾಗುತ್ತದೆ. ಇಂಗ್ಲೆಂಡಿನ ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ ೧೮೮೩ರಲ್ಲಿ ಗಾಜಿನ ಕೊಳವೆಗಳಲ್ಲಿ ಹರಿಯುವ ನೀರಿಗೆ ಬಣ್ಣವನ್ನು ಬಿಟ್ಟು ನಡೆಸಿದ ಪ್ರಯೋಗಗಳಿಂದ ಇದನ್ನು ಅಳೆಯುವ ಸಂಖ್ಯೆಯೊಂದು ದೊರೆಯಿತು. ಅದಕ್ಕೆ ರೆನಾಲ್ಡ್ಸ್ ಸಂಖ್ಯೆಯೆಂದು ಹೆಸರು. ಮಾದರಿ ವಿಮಾನಗಳಿಗೆ ಅದನ್ನು ಸುಲಭವಾಗಿ ಕಂಡುಹಿಡಿಯಬಹುದು: ಸೆಕೆಂಡಿಗೆ ಇಷ್ಟು ಮೀಟರೆಂಬ ವೇಗವನ್ನು, ಮೀಟರಿನಲ್ಲಿ ಅಳೆದ ರೆಕ್ಕೆಯ ಅಗಲದಿಂದ ಗುಣಿಸಿ, ಬಂದ ಲಬ್ಧವನ್ನು ಸುಮಾರು ೬೭,೦೦೦ದಿಂದ ಗುಣಿಸಿದರೆ ಸರಿ. ನಮ್ಮ ಮೂಲ ವಿಮಾನಕ್ಕೆ ಇದು ಸುಮಾರು ೭೦,೦೦೦. ಇಮ್ಮಡಿ ವಿಮಾನಕ್ಕೆ ೨ ಲಕ್ಷ. ಅರ್ಧಕ್ಕಿಳಿಸಿದ್ದಕ್ಕೆ ೨೫,೦೦೦ ಮಾತ್ರ. ಜನರನ್ನು ಹೊರುವ ಸಣ್ಣ ವಿಮಾನಗಳಲ್ಲಿ ಅದು ಹಲವು ಹತ್ತು ಲಕ್ಷಗಳಷ್ಟಿರುತ್ತದೆ.

ಈ ಸಂಖ್ಯೆ ತೀರ ಇಳಿದಾಗ ದಪ್ಪ ರೆಕ್ಕೆಯ ಬೆನ್ನಿನ ಮೇಲೆ ಹರಿಯುವ ಗಾಳಿಯು ಅಂಟಿಕೊಂಡಿರಲಾರದೆ ಬೇರ್ಪಡುತ್ತದೆ. ಎತ್ತುವ ಬಲ ಕುಸಿಯುತ್ತದೆ. ಜರ್ಮನಿಯ ಎಫ್. ಡಬ್ಲ್ಯು. ಷ್ಮಿಟ್ಸ್ ೧೯೪೦ರ ದಶಕದ ಆರಂಭದಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಇದು ಸ್ಪಷ್ಟವಾಗಿ ಕಂಡುಬಂತು. ಇಂಥ ಸ್ಥಿತಿಯಲ್ಲಿ ದಪ್ಪ ರೆಕ್ಕೆಗಿಂತ, ತುಸು ಬಾಗಿದ ತೆಳು ಹಲಗೆಯೇ ಉತ್ತಮವಾಗಿ ಕೆಲಸ ಮಾಡುತ್ತದೆ. ಆದುದರಿಂದ ಚಿಕ್ಕ ಮಾದರಿಗೆ ಮೂಲದ ದಪ್ಪ ರೆಕ್ಕೆಯ ಆಕಾರವನ್ನು ಬಿಟ್ಟು, ತೆಳುವಾದ ಬಾಗಿದ ರೆಕ್ಕೆಯನ್ನು ಕೊಡುವುದು ಲೇಸು.

ಬೃಹತ್ ವಿಮಾನಗಳ ಶಿಲ್ಪಿಗಳಿಗೂ ಈ ತೊಡಕು ತಪ್ಪಿದ್ದಲ್ಲ. ಅವರು ಚಿಕ್ಕ ಮಾದರಿಯನ್ನು ಗಾಳಿಯ ಸುರಂಗದಲ್ಲಿಟ್ಟು ಪರೀಕ್ಷಿಸುತ್ತಾರೆ. ಆದರೆ ಚಿಕ್ಕ ಮಾದರಿಯು ದೊಡ್ಡ ವಿಮಾನದ ನಡತೆಯನ್ನು ಯಥಾವತ್ತಾಗಿ ತೋರಿಸುವುದಿಲ್ಲ. ೧೯೨೦ರ ದಶಕದಲ್ಲಿ ಮಾಕ್ಸ್ ಮುಂಕ್ ಎಂಬ ವಿಜ್ಞಾನಿಯ ಯೋಜನೆಯಂತೆ ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದಲ್ಲಿ ಕಟ್ಟಿದ ಸುರಂಗವೊಂದರಲ್ಲಿ ಗಾಳಿಯನ್ನೇ ವಾತಾವರಣದ ಒತ್ತಡದ ೨೦ ಪಟ್ಟಿಗೆ ಅದುಮಿದರು. ವಿಮಾನವನ್ನು ೨೦ರಲ್ಲಿ ಒಂದು ಭಾಗಕ್ಕೆ ಕುಗ್ಗಿಸಿದರೂ ಗಾಳಿಯ ಸಾಂದ್ರತೆ ೨೦ ಪಟ್ಟು ಹೆಚ್ಚಿದುದರಿಂದ ರೆನಾಲ್ಡ್ಸ್ ಸಂಖ್ಯೆಯು ಸರಿಹೋಯಿತು. ನಮಗೆ ಮನೆಯಲ್ಲಿ ಗಾಳಿಯನ್ನು ಬದಲಾಯಿಸಲು ಸಾಧ್ಯವಿಲ್ಲ, ರೆಕ್ಕೆಯನ್ನು ಬದಲಾಯಿಸಬೇಕು.

ನಕ್ಷೆಯ ನಕಲು

ಕೊನೆಯದಾಗಿ ನಕ್ಷೆಯ ಬಗ್ಗೆ ಕೆಲವು ಮಾತುಗಳು. ಯಂತ್ರವಿಲ್ಲದವರು ಮೂಲ ನಕ್ಷೆಯ ಮೇಲೆ ಒಂದು ಸೆಂಟಿಮೀಟರಿನ ಚೌಕಗಳನ್ನೂ, ಹೊಸ ಕಾಗದದ ಮೇಲೆ ಎರಡು ಸೆಂಟಿಮೀಟರಿನ ಚೌಕಗಳನ್ನೂ ಎಳೆದು, ಒಂದೊಂದು ಚೌಕದೊಳಗಿನ ಗೆರೆಯನ್ನು ಅನುಕ್ರಮವಾಗಿ ಬರೆದುಕೊಳ್ಳಬಹುದು. ಚುಕ್ಕಿಗಳ ಅಂತರವನ್ನು ಹೆಚ್ಚಿಸಿ ರಂಗೋಲಿಯನ್ನು ದೊಡ್ಡದು ಮಾಡುವಂತೆಯೇ ಇದು. ನಕಲು ಯಂತ್ರವನ್ನು ಬಳಸುವವರು ಮೂಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ೧೦ ಸೆಂಟಿಮೀಟರಿನ ಒಂದೊಂದು ಗೆರೆಯನ್ನು ಎಳೆದು, ನಕಲಿನಲ್ಲಿ ಅವೆರಡನ್ನೂ ಅಳೆದು ನೋಡಬೇಕು. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿಲ್ಲದಿದ್ದರೆ ಆ ನಕಲು ನಂಬಲರ್ಹವಲ್ಲ. ಎ೪ ಹಾಳೆಯಿಂದ ಎ೩ ಹಾಳೆಗೆ ಹಿಗ್ಗಿಸಿದಾಗ ಉದ್ದವು ೧.೪೧ ಪಟ್ಟು, ವಿಸ್ತೀರ್ಣವು ೨ ಪಟ್ಟು, ತೂಕವು ಸುಮಾರು ೨.೮ ಪಟ್ಟು ಆಗುತ್ತವೆಂಬುದನ್ನೂ ನೆನಪಿನಲ್ಲಿಡಬೇಕು. ಹೊಸಬರಿಗೆ ಇಮ್ಮಡಿಗಿಂತ ಈ ಪ್ರಮಾಣವೇ ಕ್ಷೇಮಕರ.

ಕೋನಗಳು ಮಾತ್ರ ಹಿಗ್ಗಲೂಬಾರದು, ಕುಗ್ಗಲೂಬಾರದು. ರೆಕ್ಕೆಯನ್ನು ೩ ಡಿಗ್ರಿ ಓರೆಯಾಗಿ ಕೂರಿಸಿದ್ದರೆ ಎಲ್ಲ ಗಾತ್ರಗಳಲ್ಲಿಯೂ ಅದು ೩ ಡಿಗ್ರಿಯೇ. ಗುರುತ್ವಕೇಂದ್ರದ ಸ್ಥಾನವೂ ಪ್ರಮಾಣದಲ್ಲಿ ಬದಲಾಗುವುದಿಲ್ಲ: ೧೫ ಸೆಂಟಿಮೀಟರು ಅಗಲದ ರೆಕ್ಕೆಯಲ್ಲಿ ಅದು ಮುಂದಿನ ಅಂಚಿನಿಂದ ೪.೫ ಸೆಂ.ಮೀ. ಹಿಂದಿದ್ದರೆ, ೩೦ ಸೆಂಟಿಮೀಟರಿನದರಲ್ಲಿ ೯ ಸೆಂ.ಮೀ. ಹಿಂದಿರಬೇಕು. ಮರದ ದಪ್ಪವನ್ನಂತೂ ನಕಲಿನಿಂದ ಅಳೆಯಲೇಬಾರದು. ೩ ಮಿಲಿಮೀಟರಿನ ತೊಲೆಗೆಂದು ಬರೆದ ಕಚ್ಚು ಹಿಗ್ಗಿ ೪.೨ ಮಿಲಿಮೀಟರು ಆಗಿರುತ್ತದೆ. ಅಂಗಡಿಯಲ್ಲಿ ಆ ಅಳತೆಯ ಕಡ್ಡಿ ದೊರೆಯುವುದಿಲ್ಲ. ದೊರೆಯುವ ಮರವನ್ನು ಮೊದಲು ಗೊತ್ತುಮಾಡಿಕೊಂಡು, ಕಚ್ಚುಗಳನ್ನು ಅದಕ್ಕೆ ತಕ್ಕಂತೆ ಬರೆದುಕೊಳ್ಳಬೇಕು.

ಆದುದರಿಂದ ಕತ್ತರಿಯನ್ನು ಕೈಗೆತ್ತಿಕೊಳ್ಳುವ ಮೊದಲು ಹೊಸ ವಿಮಾನದ ವಿಸ್ತೀರ್ಣ, ತೂಕದ ಗುರಿ, ರೆಕ್ಕೆಯ ಹೊರೆ ಎಂಬ ಮೂರು ಅಂಕಿಗಳನ್ನು ನಕ್ಷೆಯ ಮೂಲೆಯಲ್ಲಿ ಬರೆದಿಡಬೇಕು. ಕಟ್ಟುತ್ತ ಹೋದಂತೆ ಪ್ರತಿಯೊಂದು ಭಾಗವನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಗುರಿಯು ಎಲ್ಲಿ ತಪ್ಪುತ್ತಿದೆಯೆಂಬುದನ್ನು ಅಂದಂದಿಗೇ ನೋಡಿಕೊಳ್ಳಬೇಕು. ಪೂರ್ಣವಾದ ವಿಮಾನವನ್ನು ಗಾಳಿಯಿಲ್ಲದ ಮುಂಜಾವದಲ್ಲಿ, ಮೋಟಾರನ್ನು ನಡೆಸದೆ, ಹುಲ್ಲುಗಾವಲಿನ ಮೇಲೆ ಮೆಲ್ಲಗೆ ತೇಲಿಬಿಟ್ಟು ಮೊದಲು ಪರೀಕ್ಷಿಸಬೇಕು. ಅದು ನೇರವಾಗಿ ತೇಲಿ ಇಳಿದರೆ ನಮ್ಮ ಲೆಕ್ಕವು ಸರಿಯಾಗಿದೆಯೆಂದು ತಿಳಿದು, ಅನಂತರ ಮೋಟಾರನ್ನು ನಡೆಸಬಹುದು.