ಮೂರು ಸೆಲ್ ನುಂಗಿದ ಕೀಲಿಕೈ

ಜುಲೈ ತಿಂಗಳ ಒಂದು ಶನಿವಾರ, ಬೆಳಗಿನ ಐದು ಗಂಟೆ. ಪುಣೆಯ ಮಳೆಗಾಲ ಹೇಗಿರುತ್ತದೆ ಎಂದು ಇಲ್ಲಿ ಇರುವವರಿಗೆ ಹೇಳಬೇಕಿಲ್ಲ. ಜೋರಾಗಿ ಸುರಿಯುವುದೂ ಇಲ್ಲ, ಪೂರ್ತಿ ನಿಲ್ಲುವುದೂ ಇಲ್ಲ. ಅವ್ವನನ್ನು ಹುಬ್ಬಳ್ಳಿಗೆ ಬಿಟ್ಟು ಬರಲು ಹೊರಟಿದ್ದೆ. ಒಂದು ಕೈಯಲ್ಲಿ ಅವಳ ಬ್ಯಾಗು, ಇನ್ನೊಂದರಲ್ಲಿ ಛತ್ರಿ. ಕಾರಿನ ಹತ್ತಿರ ಹೋಗಿ ರಿಮೋಟ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ, ಗಾಜಿಗೆ ತಾಗಿಸಿ ಒತ್ತಿದೆ, ಪ್ಯಾಂಟಿಗೆ ಒರೆಸಿ ಒತ್ತಿದೆ. ಕೊನೆಗೆ ಕೀಲಿಕೈಯನ್ನೇ ಬಾಗಿಲಿನ ತೂತಿಗೆ ತೂರಿಸಿ ತಿರುಗಿಸಿದೆ. ಬಾಗಿಲು ತೆರೆಯಿತು, ಅದರ ಜೊತೆಗೇ ಹಾರ್ನೂ ಶುರುವಾಯಿತು.

ಏಳು ಮಹಡಿಯ ಸೊಸೈಟಿಯಲ್ಲಿ ಒಂದೊಂದೇ ಬಾಲ್ಕನಿಯ ದೀಪ ಹತ್ತತೊಡಗಿತು. ವಾಚ್‌ಮನ್ ಓಡಿ ಬಂದ. ಅವ್ವ ಸೆರಗಿನಿಂದ ಕಿವಿ ಮುಚ್ಚಿಕೊಂಡು, “ಯಾಕೋ ತಮ್ಮಾ, ಗಾಡಿ ಹಿಂಗ್ಯಾಕ ಒದರಾಕತ್ತೈತಿ?” ಎಂದಳು. ಒಳಗೆ ಕೂತು ಇಗ್ನಿಷನ್ ತಿರುಗಿಸಿದ ಮೇಲೆ ಅದು ಸುಮ್ಮನಾಯಿತು.

ಆಮೇಲೆ ಗೊತ್ತಾದ ಸಂಗತಿ ಇದು. ಹಿಂದಿನ ರಾತ್ರಿ ರಿಮೋಟ್ ಕೆಲಸ ಮಾಡಿತ್ತು, ಅದರಿಂದಲೇ ಲಾಕ್ ಮಾಡಿದ್ದೆ. ರಿಮೋಟಿನಿಂದ ಲಾಕ್ ಮಾಡಿದರೆ ಅನೇಕ ಕಾರುಗಳಲ್ಲಿ ಅಲಾರಂ ಕೂಡ ಎಚ್ಚರವಾಗುತ್ತದೆ. ಆಗ ಬಾಗಿಲನ್ನು ಬರೀ ಕೀಲಿಕೈಯಿಂದ ತೆರೆದವನು ಕಳ್ಳನೆಂದೇ ಕಾರಿನ ಲೆಕ್ಕ. ಕೀಲಿಕೈಯಿಂದಲೇ ಲಾಕ್ ಮಾಡಿದರೆ ನನ್ನ ಕಾರಿನಲ್ಲಿ ಅಲಾರಂ ಏಳುವುದಿಲ್ಲ. ಸಾತಾರಾ, ಕರಾಡ, ಕೊಲ್ಹಾಪುರ ದಾಟಿ ಹುಬ್ಬಳ್ಳಿ ಸೇರುವವರೆಗೆ ಚಹಾಕ್ಕೆ ನಿಂತಲ್ಲೆಲ್ಲ ಹಳೇ ಕಾಲದವರಂತೆ ಕೀಲಿಕೈ ತಿರುಗಿಸಿಯೇ ಹೋದೆ.

ರಿಮೋಟ್ ಸತ್ತರೂ ಎಂಜಿನ್ ಹೇಗೆ ಶುರುವಾಯಿತು ಎಂದು ಕೆಲವರು ಕೇಳುತ್ತಾರೆ. ಕೀಲಿಕೈಯ ತಲೆಯೊಳಗೆ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಬಾಗಿಲು ತೆಗೆಯುವ ರಿಮೋಟಿಗೆ ಸೆಲ್ ಬೇಕು. ನಮ್ಮ ದೇಶದ ಕಾರುಗಳಲ್ಲಿ ಅದು ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸಂದೇಶ ಕಳಿಸುತ್ತದೆ. ಎರಡನೆಯದು ಇಮೊಬಿಲೈಸರಿನ ಟ್ರಾನ್ಸ್‌ಪಾಂಡರ್ ಚಿಪ್. ಅದಕ್ಕೆ ಸೆಲ್ ಬೇಡ. ಇಗ್ನಿಷನ್ ಸುತ್ತ ಇರುವ ತಂತಿಯ ಸುರುಳಿ ಸುಮಾರು 125 ಕಿಲೋಹರ್ಟ್ಸ್‌ನ ಅಲೆ ಎಬ್ಬಿಸುತ್ತದೆ. ಚಿಪ್ ಅದರಿಂದಲೇ ಒಂದಿಷ್ಟು ವಿದ್ಯುತ್ ಪಡೆದು ತನ್ನ ಗುರುತು ಹೇಳುತ್ತದೆ. ಬಟನ್ ಒತ್ತಿ ಎಂಜಿನ್ ಶುರು ಮಾಡುವ ಕಾರು ನಿಮ್ಮದಾಗಿದ್ದರೆ, ಸೆಲ್ ಸತ್ತಾಗ ಕೀಯನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ ಹಿಡಿದರೆ ಬಹುತೇಕ ಕಾರುಗಳು ಗುರುತು ಹಿಡಿಯುವುದೂ ಇದೇ ಬಗೆಯಲ್ಲಿ. ಕೆಲವದರಲ್ಲಿ ಕೀ ಇಡಲು ಬೇರೆ ಜಾಗ ಇರುತ್ತದೆ. ಮ್ಯಾನುಯಲ್‌ನ ಆ ಪುಟವನ್ನು ಇವತ್ತೇ ಒಮ್ಮೆ ನೋಡಿಡಿ.

ನನ್ನ ರಿಮೋಟಿನ ತಕರಾರು ಅಂದು ಶುರುವಾದದ್ದಲ್ಲ. ಮೂರು ತಿಂಗಳಲ್ಲಿ ಅದು ಮೂರು ಸೆಲ್ ನುಂಗಿತ್ತು. ಹೊಸದು ಹಾಕಿದರೆ ನಾಲ್ಕೈದು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ಒಂದು ಒತ್ತಿಗೆ ಕೇಳುವುದು, ಮೂರಕ್ಕೆ ಕೇಳದಿರುವುದು. ಪ್ರತಿ ಸಲವೂ ‘ಸೆಲ್ ಡೂಪ್ಲಿಕೇಟ್’ ಎಂದು ಅಂಗಡಿಯವನನ್ನು ಬಯ್ದುಕೊಂಡು ಇನ್ನೊಂದು ತರುತ್ತಿದ್ದೆ.

ಊರಿನಿಂದ ಮರಳಿದ ಮೇಲೆ ಅಧಿಕೃತ ಸರ್ವೀಸ್ ಸೆಂಟರಿಗೆ ಹೋದೆ. ಕೌಂಟರಿನ ಹುಡುಗ ಎರಡು ಸಲ ಒತ್ತಿ ನೋಡಿ, “ಸರ್, ಪೂರಾ ಕೀ ಬದಲಿಸಬೇಕು. ಒಂಬತ್ತು ಸಾವಿರ ಚಿಲ್ಲರೆ, ಎಂಟು ದಿನ” ಎಂದ. ಬಿಚ್ಚಿ ನೋಡುತ್ತೀರಾ ಎಂದರೆ, “ನಾವು ರಿಪೇರಿ ಮಾಡಲ್ಲ ಸರ್.” ನನ್ನ ಹತ್ತಿರ ಇದ್ದದ್ದು ಈ ಒಂದೇ ಕೀಲಿಕೈ, ಎರಡನೆಯದು ಮನೆ ಬದಲಿಸುವಾಗ ಎಲ್ಲೋ ಕಳೆದುಹೋಗಿತ್ತು. ಅದನ್ನು ಕೇಳಿ ಅವನೊಂದು ಒಳ್ಳೆಯ ಮಾತು ಹೇಳಿದ. ಒಂದು ಕೀ ನೆಟ್ಟಗಿರುವಾಗ ಎರಡನೆಯದನ್ನು ಕಾರಿಗೆ ಪರಿಚಯಿಸುವುದು ಸುಲಭ. ಒಂದೂ ಇಲ್ಲದಿದ್ದರೆ ಗಾಡಿಯನ್ನು ಎಳೆಸಿಕೊಂಡು ಬರಬೇಕು, ಕೆಲವು ಕಾರುಗಳಲ್ಲಿ ಇಮೊಬಿಲೈಸರ್ ಭಾಗವನ್ನೇ ಬದಲಿಸಬೇಕಾಗುತ್ತದೆ. ಆ ಮಾತು ತಲೆಯಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಅದನ್ನು ಆಗಲೇ ಪಾಲಿಸಬೇಕಿತ್ತು.

ಹಗಲೆಲ್ಲ ಸಾಫ್ಟ್‌ವೇರಿನ ದೋಷ ಹುಡುಕುವುದೇ ನನ್ನ ನೌಕರಿ. ಅಲ್ಲಿ ಮಾಡುವುದನ್ನು ಇಲ್ಲಿ ಮಾಡಿರಲಿಲ್ಲ: ದೋಷ ಯಾವ ಕಡೆ ಇದೆ ಎಂದು ಮೊದಲು ಅರ್ಧ ಮಾಡಿಕೊಳ್ಳಬೇಕು. ಕಾರಿನೊಳಗೆ ಕೂತು ಡ್ರೈವರ್ ಬಾಗಿಲಿನ ಲಾಕ್ ಸ್ವಿಚ್ ಒತ್ತಿದೆ. ನಾಲ್ಕೂ ಬಾಗಿಲು ಟಪ್ ಎಂದು ಬಿದ್ದವು, ಎದ್ದವು. ಅಂದರೆ ಲಾಕಿನ ಮೋಟಾರುಗಳು, ಫ್ಯೂಸು, ವೈರಿಂಗು ಸರಿ ಇವೆ. ಉಳಿದದ್ದು ಎರಡು; ಕೀ ಸಂದೇಶ ಕಳಿಸುತ್ತಿಲ್ಲ, ಇಲ್ಲವೇ ಕಾರು ಕೇಳಿಸಿಕೊಳ್ಳುತ್ತಿಲ್ಲ. ಎರಡನೇ ಕೀ ಇದ್ದಿದ್ದರೆ ಅರ್ಧ ನಿಮಿಷದಲ್ಲಿ ಇತ್ಯರ್ಥವಾಗುತ್ತಿತ್ತು.

ಮೊಬೈಲ್ ಕ್ಯಾಮೆರಾ ಮುಂದೆ ರಿಮೋಟ್ ಹಿಡಿದು ಒತ್ತಿ, ಬೆಳಕು ಕಂಡರೆ ರಿಮೋಟ್ ಸರಿ ಇದೆ ಎಂದು ಆಫೀಸಿನ ಗೆಳೆಯರೊಬ್ಬರು ಹೇಳಿದರು. ಅದು ಟಿವಿ ರಿಮೋಟಿಗೆ ಸರಿ, ಅದು ಬಿಡುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಕಾರಿನ ರಿಮೋಟ್ ಬಿಡುವುದು ರೇಡಿಯೋ ಅಲೆ. ಯಾವ ಕ್ಯಾಮೆರಾಕ್ಕೂ ಕಾಣದು. ನನ್ನ ಹತ್ತಿರ ಆರ್‌ಟಿಎಲ್-ಎಸ್‌ಡಿಆರ್ ಎಂಬ ಪೆನ್‌ಡ್ರೈವಿನಂಥ ಒಂದು ರೇಡಿಯೋ ರಿಸೀವರ್ ಇತ್ತು. ಲೋಹಗಾಂವ್ ಮೇಲಿಂದ ಹಾರುವ ವಿಮಾನಗಳ ಸಂದೇಶ ಹಿಡಿಯುವ ಹುಚ್ಚು ಹತ್ತಿದಾಗ ಕೊಂಡದ್ದು. ಲ್ಯಾಪ್‌ಟಾಪಿಗೆ ಸಿಕ್ಕಿಸಿ 433.92ಕ್ಕೆ ಟ್ಯೂನ್ ಮಾಡಿ ಬಟನ್ ಒತ್ತಿದೆ. ಪರದೆ ಖಾಲಿ. ಮತ್ತೆ ಒತ್ತಿದೆ, ಖಾಲಿ. ಬೇಸತ್ತು ಕೀಯನ್ನು ಹಿಂದಿನಿಂದ ಹೆಬ್ಬೆರಳಲ್ಲಿ ಹಿಚುಕಿ ಹಿಡಿದು ಒತ್ತಿದೆ. ಪರದೆಯ ಮೇಲೆ ಎದ್ದು ಕಾಣುವ ಒಂದು ಗೆರೆ ಮೂಡಿತು! ಹಿಚುಕಿದರೆ ಮಾತು, ಬಿಟ್ಟರೆ ಮೌನ.

ಇಷ್ಟಾದ ಮೇಲೆ ತೆಗೆದಿಟ್ಟ ಮೂರು ಹಳೇ ಸೆಲ್‌ಗಳನ್ನು ಮಲ್ಟಿಮೀಟರಿನಲ್ಲಿ ನೋಡಿದೆ. ಮೂರೂ 3 ವೋಲ್ಟಿಗಿಂತ ತುಸು ಮೇಲೇ ತೋರಿಸಿದವು. ಬರೀ ವೋಲ್ಟ್ ನೋಡಿ ನಂಬುವಂತಿಲ್ಲ. ಸುಸ್ತಾದ ಸೆಲ್ ಕೂಡ ಕೆಲಸವಿಲ್ಲದಾಗ 3ರ ಹತ್ತಿರವೇ ತೋರಿಸಿ, ಕೆಲಸ ಬಿದ್ದೊಡನೆ ಕುಸಿಯುತ್ತದೆ. ಹಾಗಾಗಿ 220 ಓಮಿನ ರೆಸಿಸ್ಟರ್ ಒಂದನ್ನು ಎರಡು ಸೆಕೆಂಡು ಅಡ್ಡ ಹಿಡಿದು ಅಳೆದೆ. ಆಗಲೂ 2.8ರ ಕೆಳಗೆ ಇಳಿಯಲಿಲ್ಲ. ಮೂರೂ ಗಟ್ಟಿಮುಟ್ಟಾಗಿದ್ದವು.

ನಾನು ಮೋಸ ಹೋದದ್ದು ಎಲ್ಲಿ ಎಂದು ಆಗ ಹೊಳೆಯಿತು. ಸೆಲ್ ಬದಲಿಸುವಾಗ ಪ್ರತಿ ಸಲ ನಾನು ಎರಡು ಕೆಲಸ ಮಾಡುತ್ತಿದ್ದೆ: ಹೊಸ ಸೆಲ್ ಹಾಕುವುದು, ಕವಚ ಬಿಚ್ಚಿ ಒತ್ತಿ ಮುಚ್ಚುವುದು. ಕೀಯನ್ನು ಬದುಕಿಸುತ್ತಿದ್ದದ್ದು ಎರಡನೆಯದು, ಹೊಗಳಿಕೆ ಹೋಗುತ್ತಿದ್ದದ್ದು ಮೊದಲನೆಯದಕ್ಕೆ. ಅದೇ ಹಳೇ ಸೆಲ್ಲನ್ನು ತೆಗೆದು ಅಲ್ಲೇ ವಾಪಸ್ ಹಾಕಿ ನೋಡಿದ್ದರೆ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು ಎಂದು ಹೊಸದಾಗಿ ಸೇರಿದ ಹುಡುಗರಿಗೆ ಪಾಠ ಹೇಳುವವನು ನಾನೇ.

ಆ ಮೂರು ಸೆಲ್‌ಗಳು ಅಡುಗೆಮನೆಯ ಕಟ್ಟೆ ಮೇಲೆ ಒಂದು ಬಟ್ಟಲಲ್ಲಿ ಬಿದ್ದಿದ್ದವು. ಪಕ್ಕದ ಮನೆಯ ಎರಡು ವರ್ಷದ ಮಗು ದಿನವೂ ನಮ್ಮಲ್ಲಿ ಓಡಾಡಿಕೊಂಡಿರುತ್ತದೆ. ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ ಲಿಥಿಯಂ ಬಿಲ್ಲೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಗಂಭೀರವಾಗಿ ಸುಡಬಹುದು. ನಮಗೆ ‘ಸತ್ತ’ ಸೆಲ್ಲಿನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಬೇಕು, ಎಕ್ಸ್‌ರೇ ತೆಗೆಸಬೇಕು. ಅವತ್ತೇ ಮೂರಕ್ಕೂ ಎರಡೂ ಬದಿ ಟೇಪ್ ಸುತ್ತಿ ಬೀರುವಿನ ಮೇಲೆ ಇಟ್ಟೆ.

ಕೀ ಬಿಚ್ಚುವಾಗ ಸ್ಕ್ರೂಡ್ರೈವರಿಗಿಂತ ಒಂದು ರೂಪಾಯಿ ನಾಣ್ಯ ವಾಸಿ, ಪ್ಲಾಸ್ಟಿಕ್ ಕಚ್ಚುವುದಿಲ್ಲ. ಬಿಚ್ಚುವ ಮುಂಚೆ ಕೆಳಗೆ ಬಿಳಿ ಬಟ್ಟೆ ಹಾಸಿ. ಕೆಲವು ಕೀಗಳಲ್ಲಿ ಟ್ರಾನ್ಸ್‌ಪಾಂಡರ್ ಚಿಪ್ ಬೋರ್ಡಿಗೆ ಅಂಟಿರದೆ ಕವಚದ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ, ಉದ್ದಿನಕಾಳಿಗಿಂತ ಸ್ವಲ್ಪ ದೊಡ್ಡದಾದ ಕರಿ ತುಣುಕು. ಹೊಸ ಕವಚ ಹಾಕಿಸಿ ಹಳೆಯದನ್ನು ಎಸೆದು, ಆಮೇಲೆ ಕಾರು ಶುರುವಾಗದೆ ಕಸದ ಡಬ್ಬಿ ತಡಕಾಡುವವರ ಕಥೆ ಇದೇ ತುಣುಕಿನದು.

ಬೋರ್ಡಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಸೆಲ್ ಹಿಡಿದುಕೊಳ್ಳುವ ಲೋಹದ ಪಟ್ಟಿ ಬೋರ್ಡಿಗೆ ಕೂಡುವಲ್ಲಿ, ಬೆಸುಗೆಯ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರ. ಬೆಸುಗೆ ಬಿರುಕು ಬಿಟ್ಟಿತ್ತು. ಎಷ್ಟು ಸಲ ಕೈಜಾರಿ ನೆಲಕ್ಕೆ ಬಿದ್ದಿತ್ತೋ! ಪಕ್ಕದಲ್ಲಿ ಮಳೆಗಾಲದ ಹಸಿರು ಕಿಲುಬು ಬೇರೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೇ ಟೂತ್‌ಬ್ರಷ್ ಅದ್ದಿ ಕಿಲುಬು ತೊಳೆದು, ಒಣಗಿದ ಮೇಲೆ ಸಣ್ಣ ಮೊನೆಯ ಸೋಲ್ಡರಿಂಗ್ ಐರನ್ನಿನಿಂದ ಬೆಸುಗೆ ಹೊಸದು ಮಾಡಿದೆ. ಸೆಲ್ ಹೊರತೆಗೆದೇ ಈ ಕೆಲಸ ಮಾಡಬೇಕು, ಮರೆಯಬೇಡಿ. ರೇಡಿಯೋ ಮುಂದೆ ಹಿಡಿದು ಒತ್ತಿದೆ. ಪ್ರತಿ ಒತ್ತಿಗೂ ಗೆರೆ ಮೂಡಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅನ್‌ಲಾಕ್ ಬಟನ್ನಿನ ಕೆಳಗಿನ ಸಣ್ಣ ಸ್ವಿಚ್ ಸ್ವಲ್ಪ ಮೆತ್ತಗಾಗಿದೆ, ಟಿಕ್ ಎನ್ನುವುದಿಲ್ಲ ಎನಿಸಿತು. ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ ಹತ್ತು ರೂಪಾಯಿಗೆ ತಂದ ಸ್ವಿಚ್‌ಗಳು ಮೇಜಿನ ಮೇಲಿದ್ದವು. ಕೈ ಹೇಗೂ ಬಿಸಿ ಇದೆಯಲ್ಲ! ಹಳೇ ಸ್ವಿಚ್ಚಿಗೆ ಐರನ್ ಇಟ್ಟು ಚಿಮಟದಿಂದ ಎಳೆದೆ. ಬೆಸುಗೆ ಪೂರ್ತಿ ಕರಗುವ ಮುಂಚೆಯೇ ಎಳೆದೆನೆಂದು ಕಾಣುತ್ತದೆ. ಸ್ವಿಚ್ ಬಂತು, ಅದರ ಕಾಲಿಗೆ ಅಂಟಿಕೊಂಡು ಬೋರ್ಡಿನ ತಾಮ್ರದ ತುಣುಕೂ ಎದ್ದು ಬಂತು. ಇರುವ ಒಂದೇ ಕೀ, ರಾತ್ರಿ ಹನ್ನೊಂದು ಗಂಟೆ. ಹೆಂಡತಿ ಬಾಗಿಲಲ್ಲಿ ನಿಂತು, “ಆಗಲೇ ಸರಿಹೋಯ್ತು ಅಂದ್ರಲ್ಲ, ಈಗೇನು ಮಾಡ್ತಿದ್ದೀರಿ?” ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಮರುದಿನ ಮತ್ತೆ ತಾಪ್ಕೀರ್ ಗಲ್ಲಿ. ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ದಿಲ್ಲಿಯವರಿಗೆ ಲಾಜಪತ್ ರಾಯ್ ಮಾರ್ಕೆಟ್ ಇದ್ದ ಹಾಗೆ ನಮಗೆ ಇದು. ಮರಾಠಿಯವರ ‘ಕಿಲ್ಲಿ’ ಎಂದರೆ ಕೀಲಿಕೈ. ನಮ್ಮ ಹುಬ್ಬಳ್ಳಿ ಕಡೆ ‘ಕೀಲಿ’ ಎಂದರೆ ಬೀಗ. ಇಲ್ಲಿಗೆ ಬಂದು ಹತ್ತು ವರ್ಷವಾದರೂ ಅಂಗಡಿಗಳಲ್ಲಿ ನಾನು ಇವೆರಡನ್ನು ಅದಲುಬದಲು ಮಾಡುತ್ತೇನೆ. ಅವತ್ತು ಮಾತಾಡದೆ ಬೋರ್ಡನ್ನೇ ತೋರಿಸಿದೆ. ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡ ಮೊಬೈಲ್ ರಿಪೇರಿಯ ವಯಸ್ಸಾದ ಕಾಕಾ ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿದರು. ನನ್ನ ಮೊದಲ ಬೆಸುಗೆಯನ್ನು ನೋಡಿ “ಇದು ಚೆನ್ನಾಗಿದೆ” ಎಂದರು, ಎರಡನೆಯದನ್ನು ನೋಡಿ “ಇದನ್ನು ಮುಟ್ಟಿದ್ದು ಯಾಕೆ?” ಎಂದರು. ಬ್ಲೇಡಿನಿಂದ ಹಸಿರು ಲೇಪನವನ್ನು ಕೂದಲಷ್ಟು ಕೆರೆದು, ಕೆಳಗಿನ ತಾಮ್ರ ಕಾಣಿಸಿ, ಅಲ್ಲಿಂದ ಹೊಸ ಸ್ವಿಚ್ಚಿನ ಕಾಲಿಗೆ ತೆಳು ತಂತಿಯೊಂದನ್ನು ಬೆಸೆದರು. ಉಸಿರು ಬಿಗಿಹಿಡಿದು ಕೂತಿದ್ದವನು ನಾನು, ಅವರು ನಡುವೆ ಒಮ್ಮೆ ಫೋನಿನಲ್ಲಿ ಯಾರಿಗೋ ಚಹಾ ಹೇಳಿದರು. ನೂರೈವತ್ತು ರೂಪಾಯಿ ತೆಗೆದುಕೊಂಡರು.

ಓಡಿ ಬಂದು ಕಾರಿನ ಮುಂದೆ ಒತ್ತಿದೆ. ಏನೂ ಆಗಲಿಲ್ಲ. ಎದೆ ಧಸಕ್ಕೆಂದಿತು. ಎರಡನೇ ಸಲ ಒತ್ತಿದಾಗ ನಾಲ್ಕೂ ಬಾಗಿಲು ಟಪ್ ಎಂದವು.

ಆ ಮೊದಲ ಒತ್ತು ವ್ಯರ್ಥವಾದದ್ದಕ್ಕೆ ಕಾರಣ ನಾನೇ ಇರಬೇಕು. ಕಾರಿನ ರಿಮೋಟ್ ಪ್ರತಿ ಸಲ ಒಂದೇ ಸಂಕೇತ ಕಳಿಸುವುದಿಲ್ಲ; ಕಳಿಸಿದರೆ ಯಾರಾದರೂ ಅದನ್ನು ರೆಕಾರ್ಡ್ ಮಾಡಿಕೊಂಡು ಕಾರು ತೆಗೆದಾರು. ಒತ್ತಿದಷ್ಟು ಸಲವೂ ಒಳಗಿನ ಎಣಿಕೆ ಒಂದು ಮುಂದೆ ಹೋಗಿ, ಗೂಢಲಿಪಿಯಲ್ಲಿ ಹೊಸ ಸಂಕೇತ ಹುಟ್ಟುತ್ತದೆ. ಕಾರೂ ಆ ಎಣಿಕೆ ಇಟ್ಟುಕೊಂಡಿರುತ್ತದೆ. ಇಂಥ ಪದ್ಧತಿಗಳಲ್ಲಿ ಹೆಸರಾದದ್ದು ಕೀಲಾಕ್. ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದಲ್ಲಿ ಹುಟ್ಟಿದ ಅದನ್ನು 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಕೊಂಡಿತು. ಅದರ ಸಾಮಾನ್ಯ ಏರ್ಪಾಟಿನಲ್ಲಿ ಕೀಯ ಎಣಿಕೆ ಹದಿನಾರರೊಳಗೆ ಮುಂದಿದ್ದರೆ ಕಾರು ತಕ್ಷಣ ಒಪ್ಪುತ್ತದೆ. ಅದಕ್ಕಿಂತ ಮುಂದೆ ಹೋಗಿದ್ದರೆ ಒಂದರ ಹಿಂದೆ ಒಂದು ಎರಡು ಸಂಕೇತ ಸರಿಯಾಗಿ ಬಂದಾಗ ಮಾತ್ರ. ನನ್ನ ಕಾರಿನಲ್ಲಿರುವುದೂ ಇದರ ಬಂಧುವೇ ಎಂದು ನನ್ನ ಊಹೆ. ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಐವತ್ತು ಸಲವಾದರೂ ಒತ್ತಿದ್ದೆ. ಕಾರಿಗೆ ಒಂದೂ ಕೇಳಿಸಿರಲಿಲ್ಲ. ಚಿಕ್ಕ ಮಕ್ಕಳು ರಿಮೋಟ್ ಆಡಿಸಿದ ಮೇಲೆ ಕಾರು ಮುನಿಸಿಕೊಂಡರೆ, ಸೆಲ್ ತರಲು ಓಡುವ ಮುಂಚೆ ಹತ್ತಿರ ನಿಂತು ಎರಡು ಮೂರು ಸಲ ಒತ್ತಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮತ್ತೆ ಜೋಡಿಸುವ ವಿಧಾನ ಒಂದೊಂದು ಕಾರಿನದು ಒಂದೊಂದು ಥರ.

ಮರುವಾರ ಅದೇ ಸರ್ವೀಸ್ ಸೆಂಟರಿಗೆ ಹೋಗಿ ಒಂಬತ್ತು ಸಾವಿರ ಚಿಲ್ಲರೆ ಕೊಟ್ಟು ಎರಡನೇ ಕೀ ಮಾಡಿಸಿದೆ. ನೂರೈವತ್ತರಲ್ಲಿ ಮುಗಿಸಿದೆ ಎಂದು ಆಫೀಸಿನಲ್ಲಿ ಕೊಚ್ಚಿಕೊಂಡಿದ್ದೆ, ಈ ಸುದ್ದಿ ಅಲ್ಲಿ ಹೇಳಿಲ್ಲ. ಹೊಸದು ಬೀರುವಿನಲ್ಲಿದೆ. ದಿನದ ಓಡಾಟಕ್ಕೆ ಕಾಕಾ ಬೆಸೆದದ್ದೇ ಸಾಕಾಗಿದೆ. ಒಳಗಿರುವುದು ಟೇಪ್ ಬಿಚ್ಚಿ ಹಾಕಿದ ಆ ಹಳೇ ಸೆಲ್‌ಗಳಲ್ಲಿ ಒಂದು.

ದಸರೆಗೆ ಅವ್ವನನ್ನು ಕರೆತರಲು ಹೋದಾಗ ಅವಳು ಅಂಗಳದಲ್ಲೇ, ಕಾರಿನಿಂದ ನಾಲ್ಕು ಹೆಜ್ಜೆ ದೂರ ನಿಂತಳು. “ಮೊದಲ ನೀ ತಗಿ. ಒದರೂದಿಲ್ಲ ಅಂದ್ರ ಬರ್ತೀನಿ.”