ಸ್ಕ್ವೇರ್ ವನ್‌ನ ಬೈಟು ಕಾಫಿ

ನವೆಂಬರ್‌ನ ಮೊದಲ ಭಾನುವಾರ ನಾವಿಲ್ಲಿ ಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತೇವೆ. ಮರುದಿನದಿಂದಲೇ ಸಂಜೆ ಎನ್ನುವುದು ಮಾಯ. ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿರುವ ನನ್ನ ಕ್ಲಿನಿಕ್‌ನ ಕಿಟಕಿಯಾಚೆ ಐದೂವರೆಗೆಲ್ಲ ಕತ್ತಲು. ಡಿಸೆಂಬರ್ ಬಂತೆಂದರೆ 4.40ರ ಹೊತ್ತಿಗೇ ಸೂರ್ಯ ಮುಳುಗಿಬಿಡುತ್ತಾನೆ. ಹಗಲು ಒಂಬತ್ತು ಗಂಟೆಯೂ ಸಿಗುವುದಿಲ್ಲ. ಈ ದಿನಗಳಲ್ಲಿ ನನ್ನ ಅಪಾಯಿಂಟ್‌ಮೆಂಟ್ ಪಟ್ಟಿಯಲ್ಲಿ ಒಂದು ಬಗೆಯ ರೋಗಿಗಳು ಹೆಚ್ಚುತ್ತಾರೆ. ಎಲ್ಲರೂ ಅರವತ್ತು ದಾಟಿದವರು. ಮಗನೋ ಸೊಸೆಯೋ ಊಟದ ಬಿಡುವಿನಲ್ಲಿ ಕರೆತಂದಿರುತ್ತಾರೆ, ಕಾರಿನ ಕೀ ಕೈಯಲ್ಲೇ ಇರುತ್ತದೆ. ಕಾಯಿಲೆ ಇಂಥದ್ದೇ ಎಂದು ಹೇಳಲು ಬರುವುದಿಲ್ಲ. ಮೈಕೈ ನೋವು, ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಎದೆಯ ಮೇಲೆ ಏನೋ ಭಾರ.

ಮೊನ್ನೆ ಹೀಗೆ ಬಂದವರು ಹಾಸನದ ಕಡೆಯ ಅಜ್ಜಿ. (ಗುರುತು ಸಿಗದಿರಲೆಂದು ಊರು, ವಿವರ ಬದಲಿಸಿದ್ದೇನೆ.) ಸೂಪರ್ ವೀಸಾದಲ್ಲಿ ಬಂದವರು. 2011ರ ಕೊನೆಯಲ್ಲಿ ಶುರುವಾದ ಈ ವೀಸಾ ನಮ್ಮ ಜನಕ್ಕೆ ದೊಡ್ಡ ವರ. ಅಪ್ಪ ಅಮ್ಮ ಒಮ್ಮೆ ಬಂದರೆ ಮೊದಲು ಎರಡು ವರ್ಷ ಇರಬಹುದಿತ್ತು, 2022ರಿಂದ ಸತತ ಐದು ವರ್ಷ ಇರಬಹುದು. ಆದರೆ ಒಂಟಾರಿಯೊದ ಸರಕಾರಿ ಆರೋಗ್ಯ ವಿಮೆ ಅವರಿಗೆ ಸಿಗುವುದಿಲ್ಲ. ಕನಿಷ್ಠ ಒಂದು ಲಕ್ಷ ಡಾಲರ್‌ನ ಖಾಸಗಿ ವಿಮೆ ಮಾಡಿಸಿಯೇ ಬರಬೇಕು, ಅದೂ ತುರ್ತು ಚಿಕಿತ್ಸೆಗೆ. ಹಾಗಾಗಿ ಮಂಡಿ ನೋವಿಗೆ ಡಾಕ್ಟರ ಹತ್ತಿರ ಬರುವುದೆಂದರೆ ಹಿರಿಯರಿಗೆ ಡಾಲರನ್ನು ರೂಪಾಯಿಗೆ ಗುಣಿಸಿ ನೋಡುವ ಸಂಕಟ. ಎಷ್ಟೋ ಜನ ಆ ಗುಣಾಕಾರಕ್ಕೆ ಹೆದರಿಯೇ ನೋವು ನುಂಗಿಕೊಂಡು ಕೂತಿರುತ್ತಾರೆ.

"ಡಾಕ್ಟ್ರೇ, ಒಂದು ಫುಲ್ ಬಾಡಿ ಚೆಕಪ್ ಮಾಡಿಸಿಬಿಡಿ. ವಿಟಮಿನ್ ಡಿ, ಬಿ12 ಎಲ್ಲಾ" ಎಂದ ಮಗ. ಬೆಂಗಳೂರಿನ ಲ್ಯಾಬುಗಳು ಇಂಥ ಪ್ಯಾಕೇಜಿಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತವೆ. ಇಲ್ಲಿ 2010ರ ಡಿಸೆಂಬರ್‌ನಿಂದ, ಮೂಳೆ ಸವೆತದಂಥ ಕೆಲವು ಕಾರಣಗಳಿದ್ದರೆ ಮಾತ್ರ ವಿಟಮಿನ್ ಡಿ ಪರೀಕ್ಷೆಯ ಖರ್ಚನ್ನು ಸರಕಾರ ಕೊಡುತ್ತದೆ. ಅದರಲ್ಲಿ ಅರ್ಥವೂ ಇದೆ. ಈ ಅಕ್ಷಾಂಶದಲ್ಲಿ ಚಳಿಗಾಲದ ಬಿಸಿಲಿಗೆ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಶಕ್ತಿಯೇ ಇರುವುದಿಲ್ಲ. ನಮ್ಮಂಥ ಕಂದು ಚರ್ಮದವರಿಗೆ ಬೇಸಿಗೆಯಲ್ಲೂ ಹೆಚ್ಚು ಬಿಸಿಲು ಬೇಕು. ಪರೀಕ್ಷೆಗೆ ದುಡ್ಡು ಸುರಿಯುವ ಬದಲು ಅಂಗಡಿಯಿಂದ ಮಾತ್ರೆ ತಂದು ದಿನಕ್ಕೊಂದು ನುಂಗಿದರಾಯಿತು. ಇದನ್ನು ನಾನು ಗಿಣಿಪಾಠದಂತೆ ಹೇಳುತ್ತೇನೆ. ಕೇಳಿದವರಿಗೆ ಮಾತ್ರ ಡಾಕ್ಟರು ಏನೋ ಉಳಿಸಿಕೊಳ್ಳುತ್ತಿದ್ದಾರೆ ಎಂಬ ಅನುಮಾನ.

ಅಜ್ಜಿಯ ಬಿಪಿ ನೋಡಿದೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟೆ, ಮಂಡಿ ಮಡಚಿ ಬಿಡಿಸಿದೆ. ಆಮೇಲೆ ಯಾವಾಗಲೂ ಕೇಳುವ ಪ್ರಶ್ನೆ ಕೇಳಿದೆ: "ನಿನ್ನೆ ಇಡೀ ದಿನ ಯಾರ ಹತ್ತಿರ ಮಾತಾಡಿದಿರಿ ಅಮ್ಮಾ?"

ಅಜ್ಜಿ ಮಗನ ಕಡೆ ನೋಡಿದರು. "ಸೀರಿಯಲ್‌ನೋರು ಮಾತಾಡ್ತಾರೆ, ನಾನು ಕೇಳಿಸ್ಕೋತೀನಿ" ಎಂದರು. ಮಗ ಕಾರಿನ ಕೀಯನ್ನು ಜೇಬಿಗೆ ಹಾಕಿಕೊಂಡ.

ಈ ಪ್ರಶ್ನೆಯನ್ನು ನನಗೆ ಯಾವ ಮೆಡಿಕಲ್ ಕಾಲೇಜೂ ಕಲಿಸಲಿಲ್ಲ. ಕಲಿತದ್ದು ತಡವಾಗಿ, ನನ್ನ ಮನೆಯಲ್ಲೇ.

ಅಮ್ಮ ತೀರಿಕೊಂಡ ಮೇಲೆ, 2014ರ ಅಕ್ಟೋಬರ್‌ನಲ್ಲಿ ಅಪ್ಪಯ್ಯನನ್ನು ತೀರ್ಥಹಳ್ಳಿಯಿಂದ ಇಲ್ಲಿಗೆ ಕರೆಸಿಕೊಂಡೆ. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ಬೆಳಿಗ್ಗೆ ಹೋಟೆಲಿನಲ್ಲಿ ಪೇಪರ್ ಓದುತ್ತ ಕಾಫಿ, ಸಂಜೆ ತುಂಗಾ ಸೇತುವೆಯವರೆಗೆ ವಾಕಿಂಗ್. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹತ್ತು ನಿಮಿಷದ ದಾರಿ. ಅವರಿಗೆ ಒಂದು ಗಂಟೆ ಬೇಕಾಗುತ್ತಿತ್ತು. ಎದುರಾದವರೆಲ್ಲ "ಏನ್ ಮೇಷ್ಟ್ರೇ" ಎಂದು ನಿಲ್ಲಿಸುತ್ತಿದ್ದರು.

ಬಂದ ಮೊದಲ ವಾರ ಅವರನ್ನು ಕ್ರೆಡಿಟ್ ನದಿಗೆ ಕರೆದೊಯ್ದಿದ್ದೆ. ಶರತ್ಕಾಲದಲ್ಲಿ ಒಂಟಾರಿಯೊ ಸರೋವರದಿಂದ ದೊಡ್ಡ ದೊಡ್ಡ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಹೊಳೆಯ ಪ್ರವಾಹಕ್ಕೆದುರಾಗಿ ಹತ್ತಿ ಬರುತ್ತವೆ, ಮೊಟ್ಟೆಯಿಟ್ಟು ಸಾಯುತ್ತವೆ. ಅಪ್ಪಯ್ಯ ದಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, "ಇದು ನಮ್ಮ ಹತ್ತುಮೀನಲ್ವೇನೋ!" ಎಂದರು. ಮುಂಗಾರಿನ ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನು ಹಿಡಿಯಲು ಹುಡುಗನಾಗಿದ್ದಾಗ ಲಾಟೀನು ಹಿಡಿದು ಓಡಿದ ಕಥೆ ಹೇಳಿದರು. ಈ ನದಿಯ ಮೂಲ ಸಾಲ್ಮನ್ ತಳಿ 19ನೇ ಶತಮಾನದ ಕೊನೆಗೇ ಅಳಿದುಹೋಯಿತು, ಈಗ ಹೆಚ್ಚಾಗಿ ಕಾಣುವ ಈ ಚಿನೂಕ್ ಜಾತಿಯನ್ನು ಪೆಸಿಫಿಕ್ ಕಡೆಯಿಂದ ತಂದು ಬಿಟ್ಟದ್ದು ಎಂದೆ. "ಹಾಗಾದ್ರೆ ಇವೂ ನಿನ್ನ ಹಾಗೇ, ಹೊರಗಿಂದ ಬಂದವು ಅನ್ನು" ಎಂದು ನಕ್ಕರು. ಅವರು ಅಷ್ಟು ನಕ್ಕದ್ದನ್ನು ಮತ್ತೆ ನಾನು ಬಹಳ ದಿನ ನೋಡಲಿಲ್ಲ. ನೋಡುವಷ್ಟು ಹೊತ್ತು ಮನೆಯಲ್ಲಿರಲೂ ಇಲ್ಲ.

ಚಳಿ ಬಿತ್ತು. ನಾನು ಏಳಕ್ಕೆ ಹೊರಟರೆ ರಾತ್ರಿ ಏಳೂವರೆಗೆ ಮನೆ. ಹೆಂಡತಿಗೆ ಬ್ಯಾಂಕಿನ ಕೆಲಸ, ಮಕ್ಕಳಿಗೆ ಶಾಲೆ. ಅಪ್ಪಯ್ಯ ಪಂಚೆಯ ಒಳಗೆ ಥರ್ಮಲ್ ಹಾಕಿಕೊಂಡು ಬೀದಿಯ ಕಡೆಯ ಕಿಟಕಿಯ ಬಳಿ ಕೂತಿರುತ್ತಿದ್ದರು. ಬೀದಿಯಲ್ಲಿ ಏನಿದೆ? ಗ್ಯಾರೇಜ್ ಬಾಗಿಲು ತೆರೆಯುತ್ತದೆ, ಕಾರು ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ಜನವರಿಯಲ್ಲಿ ಎದೆ ಭಾರ ಎಂದರು, ನಿದ್ದೆ ಬರುತ್ತಿಲ್ಲ ಎಂದರು. ಡಾಕ್ಟರ್ ಮಗ ಸುಮ್ಮನಿರುತ್ತಾನೆಯೇ? ಇಸಿಜಿ, ರಕ್ತಪರೀಕ್ಷೆ, ಥೈರಾಯಿಡ್ ಎಲ್ಲ ಮಾಡಿಸಿದೆ. "ಅಪ್ಪಯ್ಯಾ, ಎಲ್ಲಾ ನಾರ್ಮಲ್" ಎಂದು ನಿಂತುಕೊಂಡೇ ಹೇಳಿದೆ. "ಹೌದಾ" ಎಂದರು. ವಿಟಮಿನ್ ಡಿ ಶುರುಮಾಡಿದೆ.

2015ರ ಆ ಫೆಬ್ರವರಿ ಟೊರೊಂಟೊ ಕಂಡ ಅತಿ ಚಳಿಯ ಫೆಬ್ರವರಿಗಳಲ್ಲೊಂದು. ಆಶ್ಚರ್ಯವೆಂದರೆ ಅದೇ ತಿಂಗಳು ಅಪ್ಪಯ್ಯ ಚೇತರಿಸಿಕೊಂಡರು. ಊಟ ಸೇರತೊಡಗಿತು, ನಿದ್ದೆಯೂ ಬಂತು. ಮಾತ್ರೆ ಕೆಲಸ ಮಾಡಿತು ಎಂದುಕೊಂಡೆ. ಜೊತೆಯ ಡಾಕ್ಟರುಗಳಿಗೂ ಹೆಮ್ಮೆಯಿಂದ ಹೇಳಿಕೊಂಡೆ.

ಮಾರ್ಚ್ ಕೊನೆಯಲ್ಲಿ ಪಂಜಾಬಿ ಹಿರಿಯರೊಬ್ಬರು ಬಿಪಿ ತೋರಿಸಲು ಕ್ಲಿನಿಕ್‌ಗೆ ಬಂದರು. ಹೊಸಬರು. "ಮಾಸ್ಟರ್‌ಜಿ ನಿಮ್ಮ ತಂದೆಯವರಲ್ಲವೇ? ಅವರೇ ಇಲ್ಲಿಗೆ ಹೋಗಿ ಅಂದರು" ಎಂದರು ಹಿಂದಿಯಲ್ಲಿ. ಯಾವ ಮಾಸ್ಟರ್‌ಜಿ ಎಂದೆ. ಆಮೇಲೆ ಅವರು ಹೇಳಿದ್ದನ್ನು ಕೇಳುತ್ತ ನಾನು ಬಿಪಿ ಪಟ್ಟಿ ಕಟ್ಟುವುದನ್ನೇ ಮರೆತೆ.

ಅಪ್ಪಯ್ಯ ವಾರಕ್ಕೆ ನಾಲ್ಕು ದಿನ ಸ್ಕ್ವೇರ್ ವನ್ ಮಾಲ್‌ಗೆ ಹೋಗುತ್ತಿದ್ದರು! 1973ರಲ್ಲಿ ಶುರುವಾದ ಈ ಮಾಲ್ ಕೆನಡಾದ ಅತಿ ದೊಡ್ಡವುಗಳಲ್ಲೊಂದು. ನಮಗೆ ಅದು ಅಂಗಡಿ. ಊರಿನ ವೃದ್ಧರಿಗೆ ಚಳಿಗಾಲದ ಅಗಸೆಕಟ್ಟೆ. ಒಳಗೆ ಬೆಚ್ಚಗೆ ಒಂದು ಸುತ್ತು ನಡೆಯುತ್ತಾರೆ, ಬೆಂಚು ಹಿಡಿದು ಕೂರುತ್ತಾರೆ. ಪಂಜಾಬಿಗಳು, ಗುಜರಾತಿಗಳು, ಇಟಲಿಯವರು. ಆ ಗುಂಪಿಗೆ ನಮ್ಮ ತೀರ್ಥಹಳ್ಳಿ ಮೇಷ್ಟ್ರು, ಹರಕು ಮುರುಕು ಹಿಂದಿಯೊಂದಿಗೆ. ಮೊದಲ ದಿನವೇ ಕಾಫಿ ಅಂಗಡಿಯ ಹುಡುಗಿಯ ಹತ್ತಿರ ಒಂದು ದೊಡ್ಡ ಕಾಫಿ ತೆಗೆದುಕೊಂಡು, ಇನ್ನೊಂದು ಖಾಲಿ ಲೋಟ ಕೇಳಿದರಂತೆ. ಬೈಟು! ಇಷ್ಟು ದೊಡ್ಡ ಲೋಟದ ಕಾಫಿಯನ್ನು ಒಬ್ಬನೇ ಕುಡಿಯುವುದು ಅನಾಗರಿಕತೆ ಎಂಬುದು ಅವರ ವಾದ. ಆಮೇಲೆ ಇಡೀ ಗುಂಪೇ ಬೈಟುಗೆ ಬದಲಾಯಿತಂತೆ. "ಮಾಸ್ಟರ್‌ಜಿ ನಮ್ಮ ಪೆನ್ಶನ್ ಉಳಿಸಿದರು" ಎಂದು ಆ ಹಿರಿಯರು ಗಡ್ಡ ನೀವಿಕೊಂಡು ನಕ್ಕರು.

ರಾತ್ರಿ ಹೆಂಡತಿಯನ್ನು ಕೇಳಿದೆ. ಅವಳಿಗೆ ಎಲ್ಲ ಗೊತ್ತಿತ್ತು. ಮನೆ ಹತ್ತಿರದ ಬಸ್ಸು ಮಾಲ್ ಪಕ್ಕದ ನಿಲ್ದಾಣಕ್ಕೇ ಹೋಗುತ್ತದೆ. ಎರಡು ಶನಿವಾರ ಅವಳೇ ಜೊತೆಗೆ ಹೋಗಿ ಮಾವನಿಗೆ ಕಾರ್ಡು ಮುಟ್ಟಿಸುವುದು, ಇಳಿಯುವುದು ಹೇಳಿಕೊಟ್ಟಿದ್ದಳು. ನನಗೇಕೆ ಹೇಳಲಿಲ್ಲ ಎಂದರೆ, "ನೀವು ಕೇಳಲಿಲ್ಲವಲ್ಲ" ಎಂದಳು. ಅಪ್ಪಯ್ಯನ ಊಟ, ಮಾತ್ರೆ, ಮಲವಿಸರ್ಜನೆ ಎಲ್ಲವನ್ನೂ ನಾನು ಕೇಳುತ್ತಿದ್ದೆ. ಇದೊಂದನ್ನು ಕೇಳಿರಲಿಲ್ಲ.

ಇದೆಲ್ಲ ಈಗ ವೈದ್ಯಶಾಸ್ತ್ರದ ಚರ್ಚೆಗೂ ಬಂದಿದೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರ ಮೇ ತಿಂಗಳಲ್ಲಿ ಒಂಟಿತನದ ಬಗ್ಗೆಯೇ ಒಂದು ಎಚ್ಚರಿಕೆಯ ವರದಿ ಹೊರಡಿಸಿದರು. ಜನಸಂಪರ್ಕವಿಲ್ಲದ ಬದುಕು ಆಯುಸ್ಸಿಗೆ ತರುವ ಕುತ್ತು ದಿನಕ್ಕೆ ಹದಿನೈದು ಸಿಗರೇಟು ಸೇದುವುದಕ್ಕೆ ಸಮ ಎಂದು ಅದರಲ್ಲಿದೆ. ಮೂರ್ತಿಯವರು ಎಳೆಯ ಮಗುವಾಗಿದ್ದಾಗ ಅವರ ತಂದೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ವೈದ್ಯರಾಗಿದ್ದವರು. ಅಲ್ಲಿನ ಚಳಿಯ ಮುಂದೆ ನಮ್ಮದೇನೂ ಅಲ್ಲ.

ಕೆನಡಾದ ವೈದ್ಯರು ಈಗ ಔಷಧಿ ಚೀಟಿಯಲ್ಲಿ ಪ್ರಕೃತಿಯನ್ನೂ ಬರೆಯಬಹುದು. 2020ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಆರಂಭವಾದ ಈ ಯೋಜನೆ ಮರುವರ್ಷ ಒಂಟಾರಿಯೊಗೂ ಬಂತು. ಡೋಸು ವಾರಕ್ಕೆ ಎರಡು ಗಂಟೆ, ಒಂದು ಸಲಕ್ಕೆ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ. ನಾನೂ ಬರೆದುಕೊಡುತ್ತೇನೆ. ಟೊರೊಂಟೊ ಪೂರ್ವದ ರೂಜ್ ರಾಷ್ಟ್ರೀಯ ನಗರ ಉದ್ಯಾನಕ್ಕೆ ಪ್ರವೇಶ ಶುಲ್ಕವೇ ಇಲ್ಲ, ಮೇ ತಿಂಗಳಲ್ಲಿ ಹೋದರೆ ಬರಲು ಮನಸ್ಸಾಗುವುದಿಲ್ಲ. ಆದರೆ ಜನವರಿಯಲ್ಲಿ, ಗಾಜಿನಂತೆ ಹೆಪ್ಪುಗಟ್ಟಿದ ದಾರಿಯಲ್ಲಿ ಎಪ್ಪತ್ತರ ಅಜ್ಜಿಯನ್ನು ಕಳಿಸಿದರೆ ಸೊಂಟದ ಮೂಳೆ ಮುರಿದುಕೊಂಡು ಬಂದಾರು. ಅಂಥವರಿಗೆ ನಾನು ಮಾಲ್ ಬರೆಯುತ್ತೇನೆ. ನಮ್ಮ ಕನ್ನಡ ಕುಟುಂಬಗಳು ಅಪ್ಪ ಅಮ್ಮನಿಗೆ ನಯಾಗರ, ಸಿಎನ್ ಟವರ್ ತೋರಿಸಲು ತೋರುವ ಉತ್ಸಾಹದ ಅರ್ಧದಷ್ಟನ್ನು ಬಸ್ಸು ಹತ್ತಿಸಿ ಕಲಿಸಲು ತೋರಿದರೆ ನನ್ನ ಕ್ಲಿನಿಕ್‌ನಲ್ಲಿ ಚಳಿಗಾಲದ ಸಾಲು ಕರಗೀತು. ಒರಟು ಮಾತು, ಆದರೆ ಮೊದಲ ತಪ್ಪಿತಸ್ಥ ನಾನೇ.

ಅಪ್ಪಯ್ಯ ಏಪ್ರಿಲ್ ಕೊನೆಯಲ್ಲಿ ಊರಿಗೆ ಹೊರಟರು. ಹೈ ಪಾರ್ಕಿನ ಚೆರ್ರಿ ಹೂವು ತೋರಿಸುತ್ತೇನೆ ಎಂದು ಚಳಿಗಾಲವೆಲ್ಲ ಹೇಳಿದ್ದೆ. 1959ರಲ್ಲಿ ಟೋಕಿಯೊ ಜನರ ಪರವಾಗಿ ಬಂದ ಉಡುಗೊರೆಯಿಂದ ಬೆಳೆದ ಮರಗಳವು. ಆ ವರ್ಷದ ಚಳಿಗೆ ಹೂವು ತಡವಾಯಿತು, ಟಿಕೆಟ್ ದಿನಾಂಕ ಬದಲಿಸಲು ನಾನು ಹೋಗಲಿಲ್ಲ. 2019ರ ಮಳೆಗಾಲದಲ್ಲಿ ಅಪ್ಪಯ್ಯ ತೀರ್ಥಹಳ್ಳಿಯಲ್ಲೇ ಹೋದರು.

ಆಮೇಲೆ ಬುಧವಾರ ಮಧ್ಯಾಹ್ನ ಕ್ಲಿನಿಕ್ ಮುಚ್ಚತೊಡಗಿದೆ. ಆದಾಯ ಸ್ವಲ್ಪ ಇಳಿಯಿತು. ಅಕ್ಟೋಬರ್‌ನಲ್ಲಾದರೆ ಮೀನು ನೋಡಲು ಹೊಳೆಗೆ ಹೋಗುತ್ತೇನೆ. ಚಳಿಗಾಲದಲ್ಲಿ ಮನೆಗೆ ಬಂದು ಇಡ್ಲಿಗೆ ರುಬ್ಬುತ್ತೇನೆ. ಈ ದೇಶದ ಥಂಡಿಗೆ ಹಿಟ್ಟು ಹುದುಗುವುದಿಲ್ಲವಾದ್ದರಿಂದ ಓವನ್ನಿನ ದೀಪ ಮಾತ್ರ ಹಾಕಿ ಪಾತ್ರೆಯನ್ನು ಅದರೊಳಗಿಡುವುದು ಇಲ್ಲಿನ ಕನ್ನಡತಿಯರೆಲ್ಲ ಬಲ್ಲ ಉಪಾಯ. ಬೆಳಿಗ್ಗೆ ಗಾಜಿನ ಬಾಗಿಲಾಚೆ ಹಿಟ್ಟು ಉಬ್ಬಿ ಮುಚ್ಚಳ ಎತ್ತಿರುವುದನ್ನು ನೋಡುವ ಖುಷಿಗೆ ಮಕ್ಕಳು ನನ್ನನ್ನು ಗೇಲಿ ಮಾಡುತ್ತಾರೆ. ಮಾಡಲಿ.

ಹಾಸನದ ಅಜ್ಜಿ ಬಂದು ಹೋದ ಆ ವಾರ ಬುಧವಾರ ಸ್ಕ್ವೇರ್ ವನ್‌ಗೆ ಹೋದೆ. ಪಂಜಾಬಿ ಹಿರಿಯರು ಅದೇ ಬೆಂಚಿನಲ್ಲಿದ್ದರು. ಎಂಬತ್ತು ದಾಟಿದೆ, ಈಗ ಮಗಳ ಮನೆ ಹತ್ತಿರದ ಬೇರೆ ಡಾಕ್ಟರ ಹತ್ತಿರ ಹೋಗುತ್ತಾರೆ, ಹಾಗಾಗಿ ನಾವಿಬ್ಬರೂ ನಿರಾಳ. ನಾನು ಎರಡು ಕಾಫಿ ಎನ್ನುವಷ್ಟರಲ್ಲಿ ಅವರು ಹಿಂದಿನಿಂದ ಒಂದೇ ಸಾಕು, ಖಾಲಿ ಲೋಟ ಕೊಡಿ ಎಂದು ಕೂಗಿದರು. ಸುರಿಯುವಾಗ ಅವರ ಕೈ ಸ್ವಲ್ಪ ನಡುಗಿತು, ನನ್ನ ಲೋಟಕ್ಕೇ ಒಂದು ಗುಟುಕು ಹೆಚ್ಚು ಬಿತ್ತು.

ಹೆಸರು ಹೇಳದೆ, ನಮ್ಮ ಕಡೆಯ ಹಿರಿಯ ಹೆಂಗಸರೊಬ್ಬರು ಮುಂದಿನ ವಾರ ಬರಬಹುದು ಎಂದೆ. ಬರಲಿ, ನನ್ನ ಮನೆಯವಳೂ ಆ ಕಡೆ ಹೆಂಗಸರ ಗುಂಪಿನಲ್ಲೇ ಇರುತ್ತಾಳೆ ಎಂದರು. ಆಮೇಲೆ, ಅವರಿಗೆ ಹಿಂದಿ ಬರುತ್ತದಾ ಎಂದು ಕೇಳಿದರು.

ಅಷ್ಟಕ್ಕಷ್ಟೇ ಎಂದೆ.

"ಸಾಕು. ಮಾಸ್ಟರ್‌ಜಿಗೂ ಅಷ್ಟೇ ಬರ್ತಿದ್ದದ್ದು."